ನಲವತ್ತೊಂದನೇ ಪುಟಕ್ಕೆ ನನ್ನ ಸಹಿ ಇಲ್ಲ

ಮೈಂಟ್ಸ್,
೪ ಫೆಬ್ರವರಿ ೨೦೨೫

ಪ್ರಿಯ ಎಕ್ಕಿ,

ಈ ‘ಪ್ರಿಯ’ ಬರೀ ರೂಢಿ. ವಿದ್ಯುತ್ ಕಂಪನಿಗೆ ಬರೆಯುವಾಗಲೂ ಹಾಕುತ್ತೇನೆ. ಅದರ ಮೇಲೆ ಮನೆ ಕಟ್ಟಬೇಡ.

ನೀನು ಕಳಿಸಿದ ದಪ್ಪ ಲಕೋಟೆ ಶನಿವಾರ ತಲುಪಿತು. ಟೆಲೆ-ಬೋಗನ್ ಟಿವಿ ವಾಹಿನಿಯ ನಲವತ್ತು ವರ್ಷಗಳ ಚರಿತ್ರೆ, ಬರೆದವನು ನೀನು, ಇನ್ನೂರ ಹನ್ನೆರಡು ಪುಟ. ಜೊತೆಗೊಂದು ಫಾರಮ್ಮು: “ಇಲ್ಲಿರುವುದೆಲ್ಲ ನಡೆದಂತೆಯೇ ಇದೆ ಎಂದು ಮೊದಲ ದಿನದ ಸಹೋದ್ಯೋಗಿಯಾದ ನಾನು ದೃಢಪಡಿಸುತ್ತೇನೆ.” ಸಹಿಯ ಜಾಗಕ್ಕೆ ಹಳದಿ ಚೀಟಿ ಅಂಟಿಸಿ ಅದರ ಮೇಲೆ ಬಾಣ ಬರೆದಿದ್ದೀಯ. ಅರವತ್ತೇಳು ವರ್ಷದವಳಿಗೆ ಸಹಿ ಎಲ್ಲಿ ಹಾಕಬೇಕೆಂದು ಬಾಣ ಬಿಟ್ಟು ತೋರಿಸುವ ಬಿಲ್ಲುಗಾರ ನೀನೊಬ್ಬನೇ. ಚೀಟಿಯ ಬೆನ್ನಿಗೆ ಪೆನ್ಸಿಲಿನಲ್ಲಿ ಇನ್ನೊಂದು ಕೋರಿಕೆ: ಹದಿನೆಂಟನೇ ತಾರೀಖು ಸಂಜೆ, ನಲವತ್ತರ ಸಮಾರಂಭದ ನೇರಪ್ರಸಾರದಲ್ಲಿ, ನೀನು ಕಡೆಯ ಬಾರಿ ನಿರೂಪಣೆ ಮಾಡುತ್ತೀಯಂತೆ. ಎರಡು ಸಾಲು ಪ್ರಾಸ ಬೇಕಂತೆ. “ಚಿಕ್ಕದು ಸಾಕು.”

ಚಿಕ್ಕದು ಸಾಕಂತೆ! ಇಪ್ಪತ್ತೈದು ವರ್ಷದಿಂದ ನೀನು ರೈನ್ ನದಿಯ ಆಚೆ ದಡದಲ್ಲಿ, ಅದೂ ನಮ್ಮೂರಿಗೆ ಕಂಡರಾಗದ ವೀಸ್‌ಬಾಡನ್ನಿನಲ್ಲಿ ಕೂತಿದ್ದೀಯ. ಮನೆ ಬಿಡು ಅಂದೆ ನಿಜ; ದಡ ಬಿಡು ಅಂದಿರಲಿಲ್ಲ. ಅಲ್ಲಿಂದ ಹುಟ್ಟುಹಬ್ಬಕ್ಕೊಂದು ಕಾರ್ಡು ಬರುತ್ತದೆ, ಅಚ್ಚಾದದ್ದು, ಕೆಳಗೆ ಅಚ್ಚಾಗದ ಹೆಸರು ಮಾತ್ರ. ಈಗ ಒಂದೇ ಲಕೋಟೆಯಲ್ಲಿ ಸಹಿಯೂ ಬೇಕು, ಕವಿತೆಯೂ ಬೇಕು. ಕೈಗೆ ಕೆಲಸ, ತಲೆಗೆ ಕೆಲಸ, ಹೆಸರಿಗೆ ಮಾತ್ರ ಉಪವಾಸ.

ಓದಿದೆ, ಎಲ್ಲ ಓದಿದೆ. ಎರಡು ಸಲ ಕಾಫಿ ಆರಿಹೋಯಿತು.

ಒಂಬತ್ತನೇ ಪುಟದಲ್ಲಿ ಬರೆದಿದ್ದೀಯ: “ದೂರದೃಷ್ಟಿಯ ಸ್ಥಾಪಕ ಟಾಮ್ಸನ್ ಅವರು ಕಾರ್ನಿವಲ್ಲಿನ ರಂಗನ್ನು ಬಳಸಿಕೊಳ್ಳಲೆಂದೇ ೧೯೮೫ರ ಗುಲಾಬಿ ಸೋಮವಾರವನ್ನು ಪ್ರಸಾರದ ಮೊದಲ ದಿನವನ್ನಾಗಿ ಆರಿಸಿದರು.” ಎಕ್ಕಿ, ದೇವರು ಮೆಚ್ಚುವ ಮಾತಾಡು. ಆ ಮನುಷ್ಯ ಹಾಂಬುರ್ಗಿನಲ್ಲಿ ಪದಬಂಧದ ಪುಸ್ತಕ ಮಾರಿ ದುಡ್ಡು ಮಾಡಿದವನು. ಸೋಮವಾರ ಅಂದರೆ ಅವನಿಗೆ ಸೋಮವಾರ. ಕಾರ್ನಿವಲ್ಲಿನ ದೊಡ್ಡ ಮೆರವಣಿಗೆ ಹೊರಡುವ ಆ ಸೋಮವಾರ ಮೈಂಟ್ಸಿನಲ್ಲಿ ಬಡಪಾಯಿ ಬೆಕ್ಕು ಕೂಡ ಮನೆಯಲ್ಲಿರುವುದಿಲ್ಲ ಎಂದು ಅವನಿಗೆ ಯಾರೂ ಹೇಳಲಿಲ್ಲ. ಅವನು ತಮಾಷೆ ಮಾಡುತ್ತಿದ್ದಾನೆಂದೇ ನಾವೆಲ್ಲ ತಿಳಿದಿದ್ದೆವು. ಮಧ್ಯಾಹ್ನ ಮೂರಕ್ಕೆ ಅವನು ನಮ್ಮ ನೆಲಮಾಳಿಗೆಯ ಸ್ಟುಡಿಯೋಗೆ ಇಳಿದು ಬಂದಾಗ ಅಲ್ಲಿ ಇದ್ದವರು ನಾವಿಬ್ಬರೇ. ಅವನ ಪ್ರಶ್ನೆ, ನನ್ನ ಉತ್ತರ, ಎರಡೂ ನನಗೆ ಅಕ್ಷರಶಃ ನೆನಪಿವೆ.

“ಎಲ್ಲಿ ಎಲ್ರೂ?”

“ಮೆರವಣಿಗೇಲಿ, ಸಾಹೇಬ್ರೆ.”

“ಯಾವಾಗ ಬರ್ತಾರೆ?”

“ಬುಧವಾರ.”

“ಇವತ್ತು ಏಳು ಗಂಟೆಗೆ ಪ್ರಸಾರ ಕಣ್ರೀ! ಇದೇನು ಊರೋ, ಹುಚ್ಚಾಸ್ಪತ್ರೆಯೋ?”

“ಈ ಮೂರು ದಿನ ಎರಡೂ ಒಂದೇ, ಸಾಹೇಬ್ರೆ.”

ಹಾನೋವರಿನಿಂದ ಕರೆಸಿದ್ದ ನಿರೂಪಕಿ “ಹತ್ತು ನಿಮಿಷ ನೋಡ್ಕೊಂಡು ಬಂದುಬಿಡ್ತೀನಿ” ಎಂದು ಹೋದವಳು ಹಬ್ಬ ಮುಗಿದ ಬೂದಿ ಬುಧವಾರದ ಬೆಳಿಗ್ಗೆ ರೈಲು ನಿಲ್ದಾಣದಲ್ಲಿ ಸಿಕ್ಕಳು, ಕಡಲ್ಗಳ್ಳನ ಟೋಪಿ ಹಾಕಿಕೊಂಡು, ಸ್ವರ ಕಳೆದುಕೊಂಡು. ನೀನು ದೀಪದ ಕೆಲಸದವನು. ಹಲ್ಲುನೋವಿಗೆ ದವಡೆ ಊದಿ, ಕುಡಿಯಲಾಗದೆ ಒಳಗೆ ಉಳಿದಿದ್ದೆ. ಚರಿತ್ರೆಯಲ್ಲಿ ಅದು “ಕರ್ತವ್ಯಪ್ರಜ್ಞೆ” ಎಂದಾಗಿದೆ. ನಾನು ಕಾರ್ಯಕ್ರಮಗಳ ಪಟ್ಟಿ ಟೈಪು ಮಾಡುವವಳು. ಚರಿತ್ರೆಯಲ್ಲಿ “ಇತರರು” ಎಂದಾಗಿದ್ದೇನೆ.

ಇಲ್ಲಿ ನಾನೂ ಒಂದು ಒಪ್ಪಿಕೊಳ್ಳಬೇಕು, ಇಲ್ಲದಿದ್ದರೆ ನನ್ನ ಪತ್ರವೂ ನಿನ್ನ ಪುಸ್ತಕದಂತಾದೀತು. ಟಾಮ್ಸನ್ ಮೊದಲು ನೋಡಿದ್ದು ನನ್ನನ್ನು. “ನೀವು ಮಾತಾಡ್ತೀರೇನಮ್ಮ?” ಎಂದು ಕೇಳಿದ. ನಾನು, “ನಾನು ಬರ್ಕೊಡ್ತೀನಿ, ಅವನು ಹೇಳ್ಲಿ” ಎಂದೆ. ಯಾರೂ ನನ್ನ ಬಾಯಿ ಮುಚ್ಚಿರಲಿಲ್ಲ, ನಾನೇ ಮುಚ್ಚಿಕೊಂಡೆ. ನಮ್ಮ ಮನೆಯಲ್ಲಿ ಅದೇ ಪದ್ಧತಿ. ಕಾರ್ನಿವಲ್ ಸಭೆಯಲ್ಲಿ ಪೀಪಾಯಿ ಹತ್ತಿ ಪ್ರಾಸದಲ್ಲಿ ಊರನ್ನು ಬೈಯುವವರು ಗಂಡಸರು. ಆ ಪ್ರಾಸವನ್ನು ಜನವರಿಯ ಚಳಿಯಲ್ಲಿ ಕೂತು ಕಟ್ಟುವವರು ಅವರ ಹೆಂಡತಿಯೋ ತಂಗಿಯೋ. ವಿಲ್ಲಿ ಚಿಕ್ಕಪ್ಪನಿಗೆ ಹದಿನಾರನೇ ವಯಸ್ಸಿನಿಂದ ಬರೆದುಕೊಟ್ಟವಳು ನಾನು. “ಪೀಪಾಯಿ ಮೇಲೆ ನಿಂತೋನೇ ಕವಿ ಕಣೇ, ಕೆಳಗಿರೋರು ಬರೀ ಕಾಗ್ದ” ಎನ್ನುತ್ತಿದ್ದ. ಆಗ ನಗು ಬರುತ್ತಿತ್ತು.

ಮೂರೂವರೆಯಿಂದ ಏಳರೊಳಗೆ ಇಡೀ ಸಂಜೆಯ ನಿರೂಪಣೆ ಬರೆದೆ. ಊದಿದ ದವಡೆಗೆ ಬಣ್ಣ ಬಳಿದು, ನಿನ್ನನ್ನು ವಿದೂಷಕನಂತೆ ಕೂರಿಸಿದೆವು. ಹೀಗೆ ಶುರುವಾಯಿತು ಟೆಲೆ-ಬೋಗನ್:

ಊರೆಲ್ಲ ಬೀದಿಗೆ, ನಾವು ಮಾತ್ರ ನೆಲಮಾಳಿಗೆ;
ಇವತ್ತು ಯಾರೂ ಇಲ್ಲದಿದ್ದರೆ ಬನ್ನಿ ನಾಳಿಗೆ.

ನೋಡಿದವರು ಕಾಲು ಮುರಿದುಕೊಂಡವರು ಮತ್ತು ಕಾರ್ನಿವಲ್ ಕಂಡರಾಗದವರು. ಹನ್ನೊಂದು ಪತ್ರ ಬಂದವು. ಬ್ರೆಟ್ಸೆನ್‌ಹೈಮಿನ ಒಬ್ಬ ವಿಧವೆ, “ಹುಡುಗ ಪರವಾಗಿಲ್ಲ, ಬರೆದವರಿಗೆ ನನ್ನ ನಮಸ್ಕಾರ ತಿಳಿಸಿ” ಎಂದಿದ್ದಳು. ನೀನು ಅದನ್ನು ಓದಿ ಜೇಬಿಗಿಟ್ಟುಕೊಂಡೆ. ನಮಸ್ಕಾರ ನನಗಿನ್ನೂ ತಲುಪಿಲ್ಲ. ಜೇಬಿನಲ್ಲೇ ಇದ್ದರೆ ಕಳಿಸು.

ಆಮೇಲಿನ ಹದಿನಾಲ್ಕು ವರ್ಷ ನಿನಗೂ ಗೊತ್ತು. ಸಿನಿಮಾಕ್ಕೊಂದು ಪ್ರಾಸ, ಹವಾಮಾನಕ್ಕೊಂದು ಪ್ರಾಸ, ಅಡುಗೆ ಕಾರ್ಯಕ್ರಮಕ್ಕೊಂದು. ದೇಶದ ನಡುವಿನ ಗೋಡೆ ಬಿದ್ದ ಮೇಲೆ ಪೂರ್ವದವರು ಛಾವಣಿಗೆ ಡಿಶ್ ತಟ್ಟೆ ಕಟ್ಟಿಕೊಂಡು ನಮ್ಮನ್ನು ನೋಡತೊಡಗಿದಾಗ ಅವರಿಗೂ ಪ್ರಾಸ. ಸ್ಯಾಕ್ಸನಿಯಿಂದ ಪ್ರಾಸದಲ್ಲೇ ಉತ್ತರ ಬರುತ್ತಿತ್ತು, ನಿನ್ನ ಹೆಸರಿಗೆ. ಉಳಿದ ವಾಹಿನಿಗಳು ಒಂದೊಂದಾಗಿ ನಿರೂಪಕರನ್ನು ಮನೆಗೆ ಕಳಿಸಿದರೂ ‘ಪ್ರಾಸದ ಎಕ್ಕಿ’ ಉಳಿದ. ನಾನು ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತ ಬರೆದೆ, ಮಗು ಮರೈಕೆಯ ತೊಟ್ಟಿಲು ತೂಗುತ್ತ ಬರೆದೆ, ಜ್ವರದಲ್ಲಿ ಬರೆದೆ. ಆರಂಭದಲ್ಲಿ ಬೇಸರವಿರಲಿಲ್ಲ, ಅದನ್ನೂ ಒಪ್ಪುತ್ತೇನೆ. ನಿನ್ನ ಬಾಯಲ್ಲಿ ನನ್ನ ಸಾಲು ಬಿದ್ದ ಕ್ಷಣ ಪಕ್ಕದ ಮನೆಯ ಗೋಡೆಯಾಚೆ ನಗು ಕೇಳುತ್ತಿತ್ತಲ್ಲ, ಅಷ್ಟು ಸಾಕಾಗಿತ್ತು.

೧೯೯೯ರಲ್ಲಿ ಮ್ಯೂನಿಕ್ಕಿನವರು ವಾಹಿನಿ ಕೊಂಡು ನಿರೂಪಣೆ ನಿಲ್ಲಿಸಿದರು. ನಿನ್ನ ಕೊನೆಯ ವಾರ ಪತ್ರಿಕೆಯವರು ಬಂದು, ಇಷ್ಟೊಂದು ಪ್ರಾಸ ಎಲ್ಲಿಂದ ಬರುತ್ತವೆ ಎಂದು ಕೇಳಿದರು. ನೀನು, “ಸ್ನಾನ ಮಾಡುವಾಗ ತಾವಾಗಿಯೇ ಬರುತ್ತವೆ” ಎಂದೆ. ನಾನದನ್ನು ಬ್ಯೂಟಿ ಪಾರ್ಲರಿನಲ್ಲಿ, ತಲೆಗೆ ಬಣ್ಣ ಹಚ್ಚಿಸಿಕೊಂಡು ಕೂತಾಗ ಓದಿದೆ. ಪಕ್ಕದವಳು “ನಿಮ್ಮ ಯಜಮಾನ್ರು ಎಷ್ಟು ಸಲ ಸ್ನಾನ ಮಾಡ್ತಾರ್ರೀ?” ಎಂದಳು. ನೆನಪಿದೆಯಾ, ಅವತ್ತು ನಾನು ಮನೆಗೆ ಬಂದವಳೇ ನಿನ್ನ ಟವೆಲ್ಲುಗಳನ್ನೇ ಮೊದಲು ಪೆಟ್ಟಿಗೆಗೆ ತುಂಬಿದ್ದು.

ಈಗ ಆ ಸ್ನಾನ ನಲವತ್ತೊಂದನೇ ಪುಟಕ್ಕೆ ಬಂದಿದೆ, ಇನ್ನೂ ಎರಡು ವಾಕ್ಯ ಬೆಳೆದು. ವಾಹಿನಿಯ ಆಮೇಲಿನ ಸುಳ್ಳುಗಳಿಗೆ ನನ್ನ ತಕರಾರಿಲ್ಲ. ಪರದೆಯ ಮೇಲೆ ಚಾಕು ಮಾರಿದ ವರ್ಷಗಳನ್ನು “ಗ್ರಾಹಕ ಸ್ನೇಹಿ ಯುಗ” ಎಂದು ಕರೆ, ಜ್ಯೋತಿಷಿಗಳನ್ನು “ಸಲಹೆಗಾರರು” ಎಂದು ಬರೆ. ಆದರೆ ಈ ಪುಟ ನನ್ನದು.

ಆ ಪುಟಕ್ಕೆ ನನ್ನ ಹೆಸರು ಹಾಕು ಎಂದು ಭಾನುವಾರ ನಾನು ಫೋನು ಮಾಡಿದಾಗ ನೀನು ಹೇಳಿದ್ದು ಇಷ್ಟು: “ಲೋರೆ, ಈಗ ಹೆಸ್ರು ಹಾಕಿದ್ರೆ ಜನ ನನ್ನ ಏನಂತಾರೆ ಹೇಳು? ಹದಿನಾಲ್ಕು ವರ್ಷ ಗಿಳಿಪಾಠ ಒಪ್ಪಿಸ್ದ ಅಂತಾರೆ. ನಿಮ್ಮ ಚಿಕ್ಕಪ್ಪಂಗೆ ಬರ್ಕೊಟ್ಟಾಗ ಹೆಸ್ರು ಕೇಳಿದ್ಯಾ ನೀನು?” ಕೇಳಿರಲಿಲ್ಲ. ಕೇಳಬೇಕಿತ್ತು. ಒಬ್ಬನ ಹತ್ತಿರ ಕೇಳದ ತಪ್ಪಿಗೆ ಇನ್ನೊಬ್ಬನಿಗೆ ಬಿಟ್ಟುಕೊಡುವುದು ಯಾವ ಲೆಕ್ಕ?

ಮರೈಕೆಗೆ ಹೇಳಿದೆ. ಅವಳು, “ಅಪ್ಪಂಗೆ ಎಪ್ಪತ್ತೊಂದು ಕಣಮ್ಮ, ಬಿಟ್ಟಾಕು” ಎಂದಳು. “ನಂಗೂ ಅರವತ್ತೇಳು ಕಣೇ, ನನ್ನನ್ಯಾಕೆ ಯಾರೂ ಬಿಟ್ಟಾಕಲ್ಲ?” ಎಂದೆ. ಆಮೇಲೆ ಅವಳು, “ಅಮ್ಮ, ಅದೆಲ್ಲ ನಿಂದಾ? ಹವಾಮಾನದ್ದೂ?” ಎಂದು ಕೇಳಿದಳು. ನಮ್ಮ ಮಗಳಿಗೇ ಗೊತ್ತಿಲ್ಲ, ಎಕ್ಕಿ. ಅವಳ ತೊಟ್ಟಿಲಿನ ಪಕ್ಕದಲ್ಲೇ ಬರೆದದ್ದು ಅವಳಿಗೆ ಗೊತ್ತಿಲ್ಲ. ಅಲ್ಲಿಯವರೆಗೆ ನನಗೆ ಬರೀ ಸಿಟ್ಟಿತ್ತು. ಅದಾದ ಮೇಲೆ ನಿದ್ದೆಯೇ ಹಾರಿಹೋಯಿತು.

ಆದ್ದರಿಂದ ಫಾರಮ್ಮು ಖಾಲಿಯಾಗಿಯೇ ವಾಪಸು ಬರುತ್ತಿದೆ. ಹಳದಿ ಚೀಟಿ ಚೆನ್ನಾಗಿ ಅಂಟುತ್ತದೆ, ಅದನ್ನು ದಿನಸಿ ಪಟ್ಟಿಗೆ ಇಟ್ಟುಕೊಂಡಿದ್ದೇನೆ. ಪ್ರಾಸವನ್ನೂ ಬರೆಯುವುದಿಲ್ಲ. ನೀರು ಕಾಯಿಸಿ ಸ್ನಾನ ಮಾಡು, ತಾನಾಗಿಯೇ ಬಂದೀತು. ಸಮಾರಂಭಕ್ಕೆ ನಾನು ಬರುವುದಿಲ್ಲ, ಟಿವಿಯಲ್ಲಿ ನೋಡುವುದೂ ಇಲ್ಲ. ಅವತ್ತು ಸಂಜೆ ನನಗೆ ಬೇರೆ ಕೆಲಸವಿದೆ.

ಹಲ್ಲು ಹೇಗಿದೆ? ಇರುವಷ್ಟನ್ನು ಜೋಪಾನ ಮಾಡು.

ಫಾರಮ್ಮಿಗಲ್ಲ, ಈ ಕಾಗದಕ್ಕೆ ಮಾತ್ರ ಸಹಿ ಹಾಕುವ,
ಲೋರೆ

ಮರೆತದ್ದು: ಬೇರೆ ಕೆಲಸವೇನೂ ಇಲ್ಲ. ಮರೈಕೆಯ ಮನೆಯಲ್ಲಿ, ಅವಳ ಪಕ್ಕದಲ್ಲೇ ಕೂತು ನೋಡುತ್ತೇನೆ. ಬೆಳಿಗ್ಗೆ ಐದಕ್ಕೆ ಎದ್ದು, ಬೇಡ ಬೇಡವೆಂದರೂ ಕೈ ಕೇಳದೆ, ಈ ಎರಡು ಸಾಲು ಬಂದವು. ಸ್ನಾನ ಆಗಿರಲಿಲ್ಲ.

ಹದಿನಾಲ್ಕು ವರ್ಷ ನಿಮಗೆ ಕಂಡದ್ದು ಬರೀ ನನ್ನ ಮೋರೆ;
ಆ ಮೋರೆಗೆ ಬಾಯಿ ಕೊಟ್ಟು ಕಳಿಸಿದವಳು ಲೋರೆ.

ಕೊನೆಯ ಪದ ನುಂಗಬಹುದು, ನಿನ್ನಿಷ್ಟ. ಆದರೆ ವೇದಿಕೆಯ ಪಕ್ಕ ಕೂತಿರುವುದು ನಮ್ಮೂರಿನ ವಾದ್ಯದವರು. ಪ್ರಾಸ ಬಿದ್ದರೆ ಮಾತ್ರ ಬಾರಿಸುತ್ತಾರೆ. ಬೀಳದಿದ್ದರೆ ಕಹಳೆ ಮಡಿಲಲ್ಲಿಟ್ಟುಕೊಂಡು ನಿನ್ನನ್ನೇ ನೋಡುತ್ತ ಕಾಯುತ್ತಾರೆ, ಎಷ್ಟು ಹೊತ್ತಾದರೂ.