ಹೂಳುವ ನೆಲಕ್ಕೆ ನೆರಳುಗಳ ಒಪ್ಪಿಗೆ

ಕೆಳಗಿನ ಕೇರಿ, ಕೆಂಜಾಲಿಹಾಳ
ಫೆಬ್ರವರಿ 30, 2163

ಹೆಣ ಹೂಳಲು ಎರಡು ಎಕರೆ ನೆಲ ಕೊಡುತ್ತೇವೆ ಅಂದರು. ಕೊಟ್ಟರು, ಕಿತ್ತುಕೊಂಡರು. ಆ ನೆಲಕ್ಕೆ ಹೋಗುವ ದಾರಿ ಮಾಡಿಸುತ್ತೇವೆ ಅಂದರು. ಮಾಡಿಸಲಿಲ್ಲ. ಮಣ್ಣು ಕೊಟ್ಟವರು ಕೈಕಾಲು ತೊಳೆಯಲು ನಲ್ಲಿ ಹಾಕಿಸುತ್ತೇವೆ ಅಂದರು. ನಲ್ಲಿ ಬಂತು, ನೀರು ಬರಲಿಲ್ಲ. ನಿಮ್ಮನ್ನು ಕೇಳದೆ ಈ ಊರಿನಲ್ಲಿ ಯಾವ ಠರಾವೂ ಆಗುವುದಿಲ್ಲ ಅಂದರು. ಕೇಳಿದ್ದೇವೆ ಅನ್ನುತ್ತಾರೆ. ನೀವೇ ಹೂಂ ಅಂದಿದ್ದೀರಿ ಅನ್ನುತ್ತಾರೆ.

ಹುಲಿಗೆವ್ವ ಆಯಿ, ಈ ಕಾಗದ ಆ ಹೂಂ ಬಗ್ಗೆ. ನಾನು ಶರಣಿ, ದ್ಯಾಮವ್ವನ ಮಗಳು, ನಿನ್ನಿಂದ ಆರನೆಯ ತಲೆಮಾರಿನವಳು. ತಾರೀಕು ನೋಡಿ ಗಾಬರಿಯಾಗಬೇಡ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನ ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಗೆ ಬಿದ್ದಿರುತ್ತವೆ. ಕೆಲವು ಮಾತು ನಿನಗೆ ವಿಚಿತ್ರ ಅನ್ನಿಸಬಹುದು, ಕ್ಷಮಿಸು. ನಿನಗೆ ಓದು ಬಾರದು ಎಂದು ಬಲ್ಲೆ. ಓಣಿಯಲ್ಲಿ ಓದು ಬಲ್ಲವರು ಯಾರಾದರೂ ಜೋರಾಗಿ ಓದಿ ಹೇಳಲಿ, ಎಲ್ಲರೂ ಕೇಳಲಿ. ಹಿನ್ನಂಚೆ ಎಂಬುದೊಂದಿದೆ, ಕಾಗದವನ್ನು ಹಿಂದಿನ ಕಾಲಕ್ಕೆ ಒಯ್ಯುತ್ತದೆ. ಒಂದು ಮನೆತನಕ್ಕೆ ಒಂದೇ ಸಲ. ನಮ್ಮ ಮನೆಯ ಆ ಒಂದು ಸರದಿಯನ್ನು ನಾನು ಇದಕ್ಕೆ ಬಳಸಿದ್ದೇನೆ.

ನಮ್ಮ ಕಾಲದಲ್ಲಿ ಗ್ರಾಮಸಭೆಗೆ ಯಾರೂ ಹೋಗುವುದಿಲ್ಲ. ಹದಿನೆಂಟು ತುಂಬಿದ ಪ್ರತಿಯೊಬ್ಬರ ಹೆಸರಿಗೂ ಪಂಚಾಯಿತಿಯಲ್ಲಿ ಒಂದು ನೆರಳು ಇರುತ್ತದೆ. ಯಂತ್ರದೊಳಗೆ ಕೂತು ನಮ್ಮ ದನಿಯಲ್ಲಿ ಮಾತಾಡುವ, ನಮ್ಮ ಬದಲು ಕೈ ಎತ್ತುವ ಒಂದು ಲೆಕ್ಕಾಚಾರ ಅದು. ಸಭೆ ನಡೆಯುವಾಗ ನಾವು ಕಳೆ ಕೀಳುತ್ತಿರುತ್ತೇವೆ, ರೊಟ್ಟಿ ಬಡಿಯುತ್ತಿರುತ್ತೇವೆ, ಬಿಸಿಲುಹೊಲದ ಗಾಜು ಒರೆಸುತ್ತಿರುತ್ತೇವೆ. ಬಿಸಿಲುಹೊಲ ಅಂದರೆ ಕರೆಂಟು ಬೆಳೆಯುವ ಹೊಲ; ಈ ಭಾಗದಲ್ಲಿ ಜೋಳಕ್ಕಿಂತ ಅದೇ ಹೆಚ್ಚು. ಕೂಲಿ ತಪ್ಪಿಸಿಕೊಂಡು ಸಭೆಗೆ ಹೋಗುವ ತಾಪತ್ರಯ ಇಲ್ಲವಲ್ಲ ಎಂದು ನಮ್ಮ ಹಿರಿಯರು ಖುಷಿಯಿಂದಲೇ ಒಪ್ಪಿದರಂತೆ. ನೂರಕ್ಕೆ ನೂರು ಹಾಜರಿ! ಸರಕಾರ ನಮ್ಮ ಪಂಚಾಯಿತಿಗೆ ಮೂರು ಸಲ ಪ್ರಶಸ್ತಿ ಕೊಟ್ಟಿದೆ.

ನೆರಳು ಮಾತು ಕಲಿಯುವುದು ಹೇಗೆ ಗೊತ್ತೇ ಆಯಿ? ನಾವು ಕಚೇರಿಯ ಕಿಟಕಿಯ ಮುಂದೆ ನಿಂತು ಆಡಿದ ಮಾತುಗಳಿಂದ. ಮನೆಯ ಮಾತನ್ನು ಕದ್ದು ಕೇಳಬಾರದು ಎಂದು ಕಾಯ್ದೆ ಇದೆ. ಒಳ್ಳೆಯ ಕಾಯ್ದೆಯೇ. ಆದರೆ ಕಚೇರಿಯ ಕಿಟಕಿಯ ಮುಂದೆ ನಮ್ಮ ಕೇರಿಯವರು ಯಾವತ್ತು ಏನು ಮಾತಾಡಿದ್ದಾರೆ? ನನ್ನವ್ವ ದ್ಯಾಮವ್ವ ಒಲೆಯ ಮುಂದೆ ಕೂತರೆ ಅಧ್ಯಕ್ಷನಿಂದ ಹಿಡಿದು ಮಂತ್ರಿಯ ತನಕ ಜನ್ಮ ಜಾಲಾಡುತ್ತಿದ್ದಳು. ಅದೇ ಅವ್ವ ಕಿಟಕಿಯ ಹತ್ತಿರ ಸೆರಗು ಹೊದ್ದು, ನಾಳೆ ಬಾ ಅಂದರೆ ಹೂಂಗುಟ್ಟಿ "ಆಗಲ್ರಿ", ಇದು ಆಗುವುದಿಲ್ಲ ಅಂದರೆ "ಆಗಲ್ರಿ ಯಪ್ಪಾ" ಅನ್ನುತ್ತಿದ್ದಳು. ಅಧಿಕಾರಿಯ ಮುಂದೆ ಎದುರಾಡಬಾರದೆಂದು ನಮಗೆ ಯಾರು ಕಲಿಸಿದರೋ, ನಾವು ನಮ್ಮ ನೆರಳುಗಳಿಗೆ ಕಲಿಸಿದೆವು. ಒಂದು ಕೇರಿಗೆ ಕೇರಿಯೇ ಆಗಲ್ರಿ ಅನ್ನುವ ಯಂತ್ರವಾಯಿತು. ಈ ತಪ್ಪಿನಲ್ಲಿ ನನ್ನ ಪಾಲೂ ಇದೆ. ಅವ್ವನ ಪಿಂಚಣಿಯ ಅರ್ಜಿ ಹಿಡಿದು ಹೋದಾಗಲೆಲ್ಲ ಅವಳ ರಟ್ಟೆ ಜಿಗುಟಿ, "ಸುಮ್ನಿರ ಬೇ, ಸಾಹೇಬ್ರು ಸಿಟ್ಟಾಗ್ತಾರ" ಎಂದವಳು ನಾನೇ.

ಈ ತಿಂಗಳ ಹನ್ನೆರಡಕ್ಕೆ ನಸುಕಿನಲ್ಲಿ ಅವ್ವ ತೀರಿಕೊಂಡಳು. ಹನ್ನೊಂದು ಗಂಟೆಗೆ ನಾವು ಅವಳಿಗೆ ನೀರು ಹಾಕುತ್ತಿದ್ದಾಗ ಪಂಚಾಯಿತಿಯಲ್ಲಿ ಸಭೆ ನಡೆಯಿತು. ನಾಲ್ಕಕ್ಕೆ ಹೆಣ ಹೊತ್ತುಕೊಂಡು ಹೋದರೆ ಸುಡುಗಾಡಿನ ಸುತ್ತ ಬಿಸಿಲುಹೊಲದ ಕಂಪನಿಯ ಹೊಸ ತಂತಿ. ಊರಿನವರಿಗೆ ತಮ್ಮ ತಮ್ಮ ಹೊಲದಲ್ಲಿ ಜಾಗವಿದೆ. ಹೊಲವಿಲ್ಲದ ನಮಗೆ ಇದ್ದದ್ದು ಅದೊಂದೇ. ತಂತಿಯ ಆ ಕಡೆ ಕಾರ್ಯದರ್ಶಿ ವೀರಭದ್ರಗೌಡ ನಿಂತಿದ್ದ. ಅವ್ವನ ತಮ್ಮ ಮರಿಯಪ್ಪ ಮಾವ ಚಟ್ಟಕ್ಕೆ ಮುಂದಿನ ಹೆಗಲು ಕೊಟ್ಟವನು ಕೇಳಿದ:

"ಯಾರು ಕೊಟ್ರು ಇದನ್ನ ಕಂಪನಿಗೆ?"

"ನೀವ ಕೊಟ್ಟೀರಲ್ಲ ಮರಿಯಪ್ಪ. ಆರನೂರಾ ಹನ್ನೆರಡು ಮಂದಿ ಹಾಜರಿದ್ರಿ. ಒಬ್ರೂ ಬ್ಯಾಡ ಅನ್ನಲಿಲ್ಲ."

"ನಾ ಮುಂಜಾನಿಂದ ಅಕ್ಕನ ಹೆಣದ ಮುಂದ ಕುಂತೀನ್ರಿ ಗೌಡ್ರ."

"ನಿನ್ನ ನೆರಳು ಬಂದಿತ್ತು."

"ಹಂಗಾರ ಅದಕ್ಕ ಹೇಳ್ರಿ, ಬಂದು ಹೆಗಲು ಕೊಡಲಿ. ನನಗೂ ಭುಜ ನೋವಾಗ್ಯದ."

ಹಿಂದಿನಿಂದ ಯಾರೋ ನಕ್ಕರು. ಹೆಣ ಹೊತ್ತವರು ನಗಬಾರದು, ಆದರೂ ನಕ್ಕರು. ಗೌಡನಿಗೆ ರೇಗಿತು. "ಸತ್ತಾಕಿನೂ ಒಪ್ಪ್ಯಾಳ, ಕೇಳ್ರಿ" ಅಂದವನೇ ಅಂಗೈಯಗಲದ ಹಲಗೆಯನ್ನು ತಂತಿಯ ಮೇಲೆ ಎತ್ತಿ ಹಿಡಿದ. ಸಾವು ನೋಂದಣಿಯಾಗುವ ತನಕ ನೆರಳಿನ ಹಾಜರಿ ನಡೆಯುತ್ತದಂತೆ. ಹಲಗೆಯೊಳಗಿಂದ ನನ್ನವ್ವನ ದನಿ ಬಂತು, ಸ್ವಲ್ಪ ಕೆಮ್ಮಿ: "ಆಗಲ್ರಿ ಯಪ್ಪಾ, ನೀವು ಹೆಂಗಂತೀರಿ ಹಂಗ."

ಚಟ್ಟದ ಮೇಲೆ ಅವ್ವ. ತಂತಿಯಾಚೆ ಅವ್ವನ ದನಿ. ತನ್ನನ್ನು ಹೂಳುವ ನೆಲವನ್ನು ಅವಳೇ ಬಿಟ್ಟುಕೊಟ್ಟಿದ್ದಳು. ಸುಳ್ಳು ದನಿ ಎಂದು ಕೂಗಲು ನನಗೆ ಬಾಯಿ ಬರಲಿಲ್ಲ. ಆ ಮಾತು ಅವಳದೇ. ಕಿಟಕಿಯ ಮುಂದೆ ನೂರು ಸಲ ಕೇಳಿದ್ದೆ.

ಅವ್ವ ಈಗ ತಾಲ್ಲೂಕು ಆಸ್ಪತ್ರೆಯ ತಂಪುಕೋಣೆಯಲ್ಲಿದ್ದಾಳೆ, ಇವತ್ತಿಗೆ ಹದಿನೆಂಟು ದಿನ. ಬೇರೆ ಊರಿನಲ್ಲಿ ಹೂಳಿರಿ ಅಂದರು, ನಾವು ಒಪ್ಪಲಿಲ್ಲ. ಮರಿಯಪ್ಪ ಮಾವ ದಿನಾ ಹೋಗಿ ಬಾಗಿಲ ಹೊರಗೆ ಒಂದು ತಾಸು ಕೂತು ಬರುತ್ತಾನೆ. ಕಾಯ್ದೆಯ ಪುಸ್ತಕ ಓದಿದೆವು. ಖುದ್ದಾಗಿ ಸಭೆಗೆ ಬಂದವರ ನೆರಳು ಎದ್ದು ಹೋಗಬೇಕು, ಅವರ ಮಾತೇ ಮಾತು ಎಂದು ಅದರಲ್ಲಿದೆ. ಮೂವತ್ತೊಂದು ವರ್ಷದಿಂದ ಒಬ್ಬರೂ ಹೋಗಿಲ್ಲ. ಠರಾವು ರದ್ದಾಗಲು ಮುಂದಿನ ಸಭೆಯಲ್ಲಿ ಮುನ್ನೂರಾ ಏಳು ಮಂದಿ ಎದ್ದು ನಿಂತು ಬ್ಯಾಡ ಅನ್ನಬೇಕು. ನಮ್ಮ ಕೇರಿಯವರು ನೂರಾ ನಲವತ್ತು. ಮೇಲಿನ ಓಣಿಗಳಲ್ಲಿ ಮನೆಮನೆ ತಿರುಗಿ ತೊಂಬತ್ತು ಮಂದಿಯ ಮಾತು ತಂದಿದ್ದೇವೆ. ಎಪ್ಪತ್ತೇಳು ಇನ್ನೂ ಬೇಕು. "ನಮ್ಮ ನೆರಳು ಐತಲ್ಲವಾ, ನಾವ್ಯಾಕ?" ಎಂದು ಬಾಗಿಲು ಹಾಕಿಕೊಂಡವರೇ ಹೆಚ್ಚು. ನಮ್ಮ ಕೇರಿಯಲ್ಲೂ ಹೆದರಿಕೆ ಇದೆ. ಬ್ಯಾಡ ಎಂಬ ಮಾತನ್ನು ದಿನಾ ಸಂಜೆ ಮಾವನ ಅಂಗಳದಲ್ಲಿ ಜೋರಾಗಿ ಹೇಳಿ ರೂಢಿ ಮಾಡಿಕೊಳ್ಳುತ್ತಿದ್ದೇವೆ. ಮುದುಕಿಯರಿಗೆ ಮೊದಲ ದಿನ ದನಿಯೇ ಹೊರಡಲಿಲ್ಲ.

ನಿನಗೆ ಯಾಕೆ ಬರೆದೆ ಎಂದರೆ, ನೆರಳಿನ ಕಾಯ್ದೆಯ ಮೊದಲ ಸಾಲಿನಲ್ಲೇ ಹೀಗಿದೆ: ಸಭೆಗೆ ಬಾರದವರ ಒಪ್ಪಿಗೆಯನ್ನು ಮನೆಯಿಂದಲೇ ಪಡೆಯುವುದು ಬಹುಕಾಲದ ಗ್ರಾಮ ರೂಢಿ. ಯಾವ ರೂಢಿ ಎಂದು ಹಳೆಯ ಠರಾವು ಪುಸ್ತಕ ತೆಗೆಸಿ ನೋಡಿದೆ. ನಮ್ಮೂರಿನಲ್ಲಿ ಉಳಿದಿರುವ ಅತ್ಯಂತ ಹಳೆಯದು ನಿನ್ನ ಕಾಲದ್ದು, 2026ರದು. ಸುಡುಗಾಡಿನ ಪೂರ್ವದ ಮಗ್ಗುಲಿನ ಅರ್ಧ ಎಕರೆಯನ್ನು ಕಂಪನಿಯ ಕಂಬಗಳಿಗೆ ಬಿಟ್ಟುಕೊಟ್ಟ ಸಭೆ. ಸಹಿಗಳೆಲ್ಲ ಹಿಂದಿನ ದಿನವೇ ಮನೆಮನೆಗೆ ತಿರುಗಿ ಹಾಕಿಸಿಕೊಂಡದ್ದು. ಪ್ರತಿ ಸಹಿಯ ಪಕ್ಕ ಓಣಿಯ ಹೆಸರು, ಬುಧವಾರದ ತಾರೀಕು. ಅದರಲ್ಲಿ ನಲವತ್ತೊಂದನೆಯದು ನಿನ್ನ ಹೆಬ್ಬೆಟ್ಟು. ಈ ಕಾಗದ ಆ ಬುಧವಾರಕ್ಕೆ ಮೊದಲೇ ನಿನ್ನ ಕೈ ಸೇರುತ್ತದೆ.

ಬೈಯಲು ಬರೆದಿಲ್ಲ ಆಯಿ. ಮೆಂಬರ್ ಮನೆ ಬಾಗಿಲಿಗೆ ಬಂದು, "ಏನಿಲ್ಲ ಆಯಿ, ಸುಮ್ನ ಒಂದು ಹೆಬ್ಬೆಟ್ಟು, ನೀ ಬಿಸಿಲಾಗ ಬರೂದು ಬ್ಯಾಡ" ಎಂದರೆ ಯಾರಿಗಾದರೂ ಅದು ಕಾಳಜಿ ಅನ್ನಿಸುತ್ತದೆ. ಅವನಿಗೆ ನೀರು ಕೊಡು. ಹೆಬ್ಬೆಟ್ಟು ಕೊಡಬೇಡ. ಪುಸ್ತಕದಲ್ಲಿ ಏನು ಬರೆದಿದೆ ಓದಪ್ಪಾ ಅನ್ನು. ನಾಳೆ ಸಭೆಯಲ್ಲಿ ಎಲ್ಲರ ಮುಂದೆ ಓದು, ಅಲ್ಲೇ ಹೇಳುತ್ತೇನೆ ಅನ್ನು. ಓಣಿಯವರನ್ನೆಲ್ಲ ಕರೆದುಕೊಂಡು ಹೋಗು. ಕುರ್ಚಿಯಲ್ಲಿ ಕೂತವರು ಕಣ್ಣು ಬಿಡುತ್ತಾರೆ, ಬಿಡಲಿ. ಎದ್ದು ನಿಲ್ಲು. ಬ್ಯಾಡ ಅನ್ನು, ಕಾರ್ಯದರ್ಶಿ ಅದನ್ನು ಬರೆಯುವ ತನಕ ಕೂರಬೇಡ. ನಿನ್ನ ಒಂದು ಮಾತಿನಿಂದ ನನ್ನ ಕಾಲ ಬದಲಾಗುತ್ತದೋ ಇಲ್ಲವೋ ಹಿನ್ನಂಚೆಯವರೂ ಹೇಳಲಾರರು. ಬದಲಾಗದಿದ್ದರೂ ನಾವು ಹೋಗುತ್ತೇವೆ.

ನಮ್ಮ ಸಭೆ ಮಾರ್ಚ್ ನಾಲ್ಕಕ್ಕೆ, ಬೆಳಿಗ್ಗೆ ಹನ್ನೊಂದಕ್ಕೆ, ಪಂಚಾಯಿತಿ ಕಟ್ಟೆಯ ಮುಂದೆ. ನಿಮ್ಮದು ನವೆಂಬರ್ ಹತ್ತೊಂಬತ್ತು, ಗುರುವಾರ, ಕನ್ನಡ ಶಾಲೆಯ ಅಂಗಳದಲ್ಲಿ, ಬೆಳಿಗ್ಗೆ ಹನ್ನೊಂದು ಗಂಟೆಗೆ.