ಎಡಗೈಗೆ ಸಿಗಬೇಕಾದ ಬ್ರೇಕು

ನಂದಿದುರ್ಗ, ಕೆ.ಜಿ.ಎಫ್.
ಭಾನುವಾರ, 16-11-2025

ಪ್ರೀತಿಯ ಅಣ್ಣ,

ನಾನೂ ಅಮ್ಮನೂ ಚೆನ್ನಾಗಿದ್ದೇವೆ. ಹೊಸೂರಿನಲ್ಲಿ ನೀನು, ಭಾರ್ಗವಿ ಅತ್ತಿಗೆ, ನಮ್ಮ ಪುಟ್ಟ ಧನುಶ್ರೀ ಎಲ್ಲರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಮೆಸೇಜಿಗೆ ಹದಿನೈದು ದಿನ ಉತ್ತರ ಕೊಡಲಿಲ್ಲವೆಂದು ಬೈಯಬೇಡ. ನೀನು ನಾಲ್ಕು ಸಲ ಫೋನ್ ಮಾಡಿದೆ, ನಾಲ್ಕು ಸಲವೂ ನಾನು ಫೋನನ್ನು ಅಮ್ಮನ ಕೈಗೆ ಕೊಟ್ಟು ಹಿತ್ತಿಲಿಗೆ ಹೋದೆ. ಫೋನಿನಲ್ಲಿ ನೀನು ಮಾತು ಶುರು ಮಾಡಿದರೆ ನನ್ನದು ಬರೀ ಹೂಂ ಹೂಂ ಆಗಿಬಿಡುತ್ತದೆ. ಹೂಂ ಅಂದಮೇಲೆ ಒಪ್ಪಿಕೊಂಡ ಹಾಗೆಯೇ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕಲು ಆಗುವುದಿಲ್ಲ.

ನೀನು ಬರೆದಿದ್ದು ಎರಡು ಮಾತು. ಬಂಗಾರಪೇಟೆಯ ಶ್ರೀನಿವಾಸಪ್ಪನವರಿಗೆ ನಮ್ಮಿಂದ ಆಗುವುದಿಲ್ಲ ಎಂದು ಹೇಳಿಬಿಡು. ಡಿಸೆಂಬರ್ ಒಂದರಿಂದ ಗಾರ್ಮೆಂಟ್ಸ್‌ಗೆ ಸೇರಿಕೋ, ಸೂಪರ್‌ವೈಸರ್ ಹತ್ತಿರ ಮಾತಾಡಿದ್ದೇನೆ. ಮೊದಲನೆಯದನ್ನು ನಾನು ಮಾಡಲಿಲ್ಲ. ಎರಡನೆಯದನ್ನು ಮಾಡುವ ಹಾಗೆ ಆಗಬಾರದೆಂದೇ ಇಷ್ಟು ದಿನ ತಲೆ ಎತ್ತದೆ ಕೆಲಸ ಮಾಡಿದೆ.

ನಾವು ಏನು ಮಾಡುತ್ತಿದ್ದೆವೆಂದು ಅತ್ತಿಗೆಗೆ ಇನ್ನೂ ಸರಿಯಾಗಿ ತಿಳಿದಿಲ್ಲವಂತೆ, ಅಮ್ಮ ಹೇಳಿದಳು. ಈ ಭಾಗವನ್ನು ಅವರಿಗೆ ಓದಿ ಹೇಳು. ಅತ್ತಿಗೆ, ಕಂಪ್ಯೂಟರಿನಲ್ಲಿ ರೈಲು ಓಡಿಸುವ ಆಟವಿದೆ. ಕೀಬೋರ್ಡಿನ ಗುಂಡಿ ಒತ್ತಿ ಓಡಿಸಿದರೆ ಆ ರುಚಿ ಬರುವುದಿಲ್ಲ ಎನ್ನುವವರು ಬಹಳ ಜನ ಇದ್ದಾರೆ. ಅಂಥವರಿಗೆ ಇಂಜಿನ್ನಿನಲ್ಲಿ ಇರುವಂಥವೇ ಹಿಡಿಗಳನ್ನು ಮಾಡಿ, ಒಳಗೆ ಬೆಂಕಿಪೊಟ್ಟಣದಷ್ಟು ಬೋರ್ಡು ಕೂರಿಸಿ, ಒಂದು ವೈರಿನಿಂದ ಕಂಪ್ಯೂಟರಿಗೆ ಜೋಡಿಸಿ ಕೊಡುತ್ತೇವೆ. ಇಲ್ಲಿ ಬ್ರೇಕಿನ ಹಿಡಿ ಎಳೆದರೆ ಅಲ್ಲಿ ಪರದೆಯ ಮೇಲೆ ರೈಲು ನಿಲ್ಲುತ್ತದೆ.

ನಮ್ಮ ವಿಡಿಯೋ ಚಾನೆಲ್ ನೋಡಿ ಕೇಳಿದವರಿಗೆ ಇದುವರೆಗೆ ನಾವು ಮಾಡಿಕೊಟ್ಟಿದ್ದು ಒಂದೊಂದೇ ಹಿಡಿಯ ಸಣ್ಣ ಪೆಟ್ಟಿಗೆಗಳು. ಶ್ರೀನಿವಾಸಪ್ಪನವರು ಕೇಳಿದ್ದು ಡ್ರೈವರನ ಮುಂದೆ ಇರುವಂಥ ಪೂರ್ತಿ ಮೇಜು. ವೇಗ ಏರಿಸುವ ಥ್ರಾಟಲ್, ಬ್ರೇಕು, ಹಾರ್ನು, ಎಲ್ಲ. ಮೂವತ್ತೊಂದು ವರ್ಷ ನಿಜವಾದ ರೈಲು ಓಡಿಸಿ ರಿಟೈರಾದ ಕೈಗೆ ಸುಳ್ಳು ಹಿಡಿ ಕೊಡಲು ಆಗುವುದಿಲ್ಲ ಎಂದು ನೀನು ಹೆದರಿದೆ. ನನಗೆ ಹೆದರಿಕೆ ಬರಲಿಲ್ಲ. ಥ್ರಾಟಲ್ ತಳ್ಳುವಾಗ ಬರುವ ಆ ಟಕ್ ಟಕ್ ಶಬ್ದವನ್ನು ಹೇಗೆ ತರಬೇಕೆಂದು ಕೈಗೆ ಆಗಲೇ ಗೊತ್ತಾಗಿತ್ತು.

ಹೆದರಿಕೆ ಇದ್ದದ್ದು ಬೇರೆ ಕಡೆ. ಯಾವ ಹಿಡಿ ಎಲ್ಲಿರಬೇಕು ಎಂದು ಅವರಿಗೇ ಒಂದು ಫೋನ್ ಮಾಡಿ ಕೇಳಬಹುದಿತ್ತು. ಆದರೆ ಅವರ ಜೊತೆ ಮಾತಾಡುತ್ತಿದ್ದವನು ನೀನು. ಮಾಡುವವನೂ ನೀನೇ ಎಂದು ಅವರು ತಿಳಿದಿದ್ದರು. ನಾನು ಏನೆಂದು ಫೋನ್ ಮಾಡಲಿ? ಕೇಳುವ ಬದಲು ಬಂಗಾರಪೇಟೆ ಸ್ಟೇಷನ್ನಿನ ಮೇಲ್ಸೇತುವೆ ಹತ್ತಿ ನಿಂತೆ. ಕೆಳಗೆ ಇಂಜಿನ್ ಬಂದು ನಿಂತಾಗ ಮುಂದಿನ ಗಾಜಿನೊಳಗೆ ಡ್ರೈವರನ ಎರಡು ಕೈಯೂ ಕಾಣುತ್ತವೆ. ಮೂರು ದಿನ ಹೋಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದೆ. ಬಹಳ ಜಾಣತನ ಮಾಡಿದೆನೆಂದು ನನಗೆ ನಾನೇ ಹೇಳಿಕೊಂಡೆ.

ಹಿಡಿಗಳನ್ನು ರಾಬರ್ಟ್‌ಸನ್‌ಪೇಟೆಯ ಲೇತಿನ ಪೆರುಮಾಳ್ ಅಣ್ಣನ ಹತ್ತಿರ ಕಡೆಸಿದೆ. ಅವರ ತಮಿಳು ಬೆರೆತ ಬಾಯಿ ನಿನಗೆ ಗೊತ್ತಲ್ಲ. “ಎನ್ನ ಶಶಿ, ಮನೇಲೇ ಟ್ರೈನ್ ಬಿಡ್ತಾ ಇದೀಯಾ? ನಮ್ ಅಂಗಡಿ ಮುಂದೆ ಒಂದು ಸ್ಟಾಪ್ ಕೊಡಮ್ಮಾ” ಅಂದರು. ಥ್ರಾಟಲಿಗೆ ಕಬ್ಬಿಣದ ಬಿಲ್ಲೆಯ ಅಂಚಿನಲ್ಲಿ ಕಚ್ಚು ಹಾಕಿ, ಅದರ ಮೇಲೆ ಬೇರಿಂಗಿನ ಗುಂಡೊಂದನ್ನು ಸ್ಪ್ರಿಂಗಿನಿಂದ ಒತ್ತಿ ಹಿಡಿಸಿದೆ. ಹಿಡಿ ತಳ್ಳಿದರೆ ಗುಂಡು ಒಂದು ಕಚ್ಚಿನಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ನೋಡದೆಯೇ ಎಷ್ಟನೇ ಕಚ್ಚಿನಲ್ಲಿದೆ ಎಂದು ಅಂಗೈ ಹೇಳುತ್ತದೆ. ಅಣ್ಣ, ಅದರಷ್ಟು ಚೆನ್ನಾದ ಕೆಲಸವನ್ನು ನಾನು ಹಿಂದೆ ಮಾಡಿರಲಿಲ್ಲ.

ಹೋದ ಭಾನುವಾರ ಮೇಜನ್ನು ಹಳೇ ದುಪ್ಪಟಿಯಲ್ಲಿ ಸುತ್ತಿ, ನಾನೂ ಅಮ್ಮನೂ ಆ ಕಡೆ ಈ ಕಡೆ ಹಿಡಿದು ಊರ್ಗಾಂನಲ್ಲಿ ರೈಲು ಹತ್ತಿದೆವು. ಪಕ್ಕದಲ್ಲಿ ಕೂತಿದ್ದವರೊಬ್ಬರು “ಏನಮ್ಮ, ಆರ್ಮೋನಿಯಮ್ಮಾ?” ಅಂದರು. ಅಮ್ಮ “ಅಲ್ಲ ಕಣಪ್ಪ, ರೈಲು” ಅಂದಳು. ಅವರು ಬಂಗಾರಪೇಟೆಯವರೆಗೂ ನಮ್ಮ ಕಡೆ ತಿರುಗಲಿಲ್ಲ.

ಶ್ರೀನಿವಾಸಪ್ಪನವರು ಎತ್ತರದ ಆಳು. ಮೇಜನ್ನು ಕಂಪ್ಯೂಟರಿನ ಮುಂದೆ ಇಡಿಸಿಕೊಂಡು, ಅದನ್ನು ಮುಟ್ಟಿ ಹಣೆಗೆ ಕೈ ಒತ್ತಿಕೊಂಡು ಕೂತರು. ಥ್ರಾಟಲ್ ಎಲ್ಲಿದೆ ಎಂದು ಒಂದು ಸಲ ನೋಡಿ ತಳ್ಳಿದರು. ಟಕ್, ಟಕ್. “ಆಹಾ!” ಅಂದರು. ನನ್ನ ಎದೆ ತುಂಬಿತು. ಪರದೆಯಲ್ಲಿ ಸ್ಟೇಷನ್ ಹತ್ತಿರ ಬಂತು. ಅವರ ಕಣ್ಣು ಹಳಿಯ ಮೇಲಿತ್ತು. ನಿಲ್ಲಿಸಬೇಕಾದಾಗ ಎಡಗೈ ತಾನಾಗಿ ಹೋಗಿ ಅಲ್ಲಿದ್ದ ಹಿಡಿಯನ್ನು ಹಿಡಿದು ತುದಿಗೆ ಒಯ್ದಿತು. ಅದು ಥ್ರಾಟಲ್. ರೈಲು ಇನ್ನೂ ಜೋರಾಗಿ ಓಡಿ, ಪ್ಲಾಟ್‌ಫಾರ್ಮಿನ ಜನವನ್ನೆಲ್ಲ ದಾಟಿ, ಕೆಂಪು ಸಿಗ್ನಲ್ಲನ್ನೂ ದಾಟಿ ಹೋಯಿತು.

ಅವರು ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಮುಖ ಬಿಳಿಚಿಕೊಂಡಿತ್ತು. ಆಟವೇ ಇರಬಹುದು, ಆದರೆ ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ಕೆಂಪು ದಾಟದವರು.

“ಯಾರು ಮಾಡಿದ್ದು ಇದನ್ನ?” ಅಂದರು.

ಅಮ್ಮ “ನಮ್ಮ ರವಿ...” ಎಂದು ಶುರು ಮಾಡಿದಳು. ಅವಳು ಯಾವಾಗಲೂ ಹಾಗೆಯೇ ಹೇಳುವುದು. ಆದರೆ ಅವತ್ತು ತಪ್ಪು ನನ್ನದು. ನನ್ನ ತಪ್ಪನ್ನು ನಿನ್ನ ಮೇಲೆ ಹಾಕಲು ಮನಸ್ಸು ಬರಲಿಲ್ಲ.

“ನಾನು ಮಾಡಿದ್ದು ಸಾರ್” ಅಂದೆ.

“ನೀನಾ? ಎಲ್ಲಿ ನೋಡ್ಕೊಂಡು ಮಾಡ್ದೆ?”

“ಬ್ರಿಡ್ಜ್ ಮೇಲಿಂದ. ಇಂಜಿನ್ ಮುಂದಿನ ಗಾಜಿಂದ.”

ಅವರು ಮನೆ ಅದುರುವ ಹಾಗೆ ನಕ್ಕರು. “ಎದುರುಗಡೆ ನಿಂತ್ಕೊಂಡು ನೋಡಿದ್ದೀಯ ಕಣಮ್ಮ! ಅದಕ್ಕೇ ನನ್ನ ಎಡಗೈ ನಿನಗೆ ಬಲಗಡೆ ಕಂಡದೆ. ಬ್ರೇಕು ನನ್ನ ಎಡಗೈಗೆ ಸಿಗಬೇಕು. ಒಂದು ಮಾತು ಕೇಳಬಾರ್ದಿತ್ತಾ? ಬಾಯಿಲ್ವಾ ನಿಂಗೆ?”

ನಾನು ಮೇಜಿಗೆ ದುಪ್ಪಟಿ ಸುತ್ತತೊಡಗಿದೆ. ಅವರು ಹೇಳಿದರು: “ಗುರುವಾರ ನಮ್ಮ ಜತೆ ಡ್ಯೂಟಿ ಮಾಡಿದೋರು ನಾಕು ಜನ ಬತ್ತಾರೆ. ಅಷ್ಟರಾಗೆ ಸರಿ ಮಾಡ್ಕೊಂಡು ಬಾ. ಆಗಲ್ಲ ಅಂದ್ರೆ ಈಗ್ಲೇ ಹೇಳಿಬಿಡು, ಬೇಜಾರಿಲ್ಲ. ತಗೊಂಡೋಗು.”

ಆಗುತ್ತದೆ ಎಂದು ತಲೆ ಆಡಿಸಿದೆ. ಬರುವಾಗ ರೈಲಿನಲ್ಲಿ ಅಮ್ಮ, “ಗಾರ್ಮೆಂಟ್ಸ್‌ನಾಗೆ ಆದ್ರೆ ಯಾರೂ ಇಂಗೆ ನಗಲ್ಲ ಕಣೆ” ಅಂದಳು. ನಾಲ್ಕು ದಿನದಲ್ಲಿ ಆಗದಿದ್ದರೆ ನೀನು ಹೇಳಿದ ಹಾಗೇ ಸೇರಿಕೊಳ್ಳುತ್ತೇನೆ ಎಂದು ಅವಳಿಗೆ ಮಾತು ಕೊಟ್ಟೆ.

ಹಿಡಿಗಳನ್ನು ಅದಲು ಬದಲು ಮಾಡಿದರೆ ಮುಗಿಯಲಿಲ್ಲವೇ ಎಂದು ನೀನು ಕೇಳಬಹುದು. ಇಲ್ಲ ಅಣ್ಣ. ಒಂದನ್ನು ಬಲ ಅಂಗೈಗೆ, ಇನ್ನೊಂದನ್ನು ಎಡ ಅಂಗೈಗೆ ಕೂರುವ ಹಾಗೆ ಕಡೆಸಿದ್ದೆ. ಕಚ್ಚುಗಳ ಸಾಲೂ ತಿರುಗುಮುರುಗು. ಎಲ್ಲವನ್ನೂ ಬಿಚ್ಚಿದೆ. ಪೆರುಮಾಳ್ ಅಣ್ಣ, “ನಾನು ಸರಿಯಾಗಿ ತಿರುಗಿಸಿದೆ, ನೀನೇ ತಿರುಗಿ ನಿಂತಿದ್ದೆ!” ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿ ನಗಿಸಿದರು. ಆದರೂ ಬೇರೆ ಕೆಲಸ ಬದಿಗಿಟ್ಟು ನನ್ನದನ್ನೇ ಮೊದಲು ಮಾಡಿಕೊಟ್ಟರು.

ಈ ಸಲ ನಾನು ಸೇತುವೆಗೆ ಹೋಗಲಿಲ್ಲ. ಸೋಮವಾರ ಬೆಳಿಗ್ಗೆ ಹಿತ್ತಿಲಿನಲ್ಲಿ ನಿಂತು, ಮೂರು ಸಲ ನಂಬರ್ ಒತ್ತಿ ಅಳಿಸಿ, ನಾಲ್ಕನೇ ಸಲ ಫೋನ್ ಮಾಡಿದೆ. “ಸಾರ್, ನಿಮ್ಮ ತೋಳಿನ ಉದ್ದ ಎಷ್ಟು?” ಎಂದು ಒಂದೇ ಉಸಿರಿಗೆ ಕೇಳಿಬಿಟ್ಟೆ.

“ಯಾಕಮ್ಮ, ಅಂಗಿ ಒಲೀತೀಯಾ?” ಅಂದರು.

ಆಮೇಲೆ ಹೆಂಡತಿಯ ಕೈಯಲ್ಲಿ ಟೇಪು ಹಿಡಿಸಿ ಅಳೆಸಿ ಹೇಳಿದರು. ಕುರ್ಚಿಯ ಎತ್ತರ, ಮೊಣಕೈ ಎಲ್ಲಿ ಬರುತ್ತದೆ, ಬ್ರೇಕಿನ ಹಿಡಿ ಎಲ್ಲೆಲ್ಲಿ ನಿಲ್ಲಬೇಕು, ಹಾರ್ನು ಎಷ್ಟು ದೂರ, ನಾನು ಕೇಳುತ್ತಾ ಹೋದೆ, ಅವರು ಹೇಳುತ್ತಾ ಹೋದರು. ಫೋನ್ ಇಟ್ಟಾಗ ನಲವತ್ತು ನಿಮಿಷ ಆಗಿತ್ತು. ನಾನು ಯಾರ ಜೊತೆಗೂ ಅಷ್ಟು ಮಾತಾಡಿದವಳಲ್ಲ. ಕೇಳುವುದಕ್ಕೆ ವಿಷಯವಿದ್ದರೆ ನಾಚಿಕೆ ಅಷ್ಟೊಂದು ಅಡ್ಡ ಬರುವುದಿಲ್ಲ ಎಂದು ಗೊತ್ತಾಯಿತು.

ಗುರುವಾರ ಅವರ ಸ್ನೇಹಿತರು ನಾಲ್ವರೂ ಬಂದು ಹಿಂದೆ ಸಾಲಾಗಿ ಕೂತಿದ್ದರು. ಶ್ರೀನಿವಾಸಪ್ಪನವರು ಕನ್ನಡಕ ತೆಗೆದು, ಕಣ್ಣು ಮುಚ್ಚಿ, ಎಡಗೈ ಚಾಚಿದರು. ಬ್ರೇಕು ಸಿಕ್ಕಿತು. ಬಲಗೈ ಚಾಚಿದರು. ಥ್ರಾಟಲ್ ಸಿಕ್ಕಿತು. ಹಾರ್ನು ಹುಡುಕದೆ ಒತ್ತಿದರು. ಸ್ನೇಹಿತರೊಬ್ಬರು, “ಸಾಕು ಕಣ್ಲಾ, ರಿಟೈರ್ ಆದ್ರೂ ಆರ್ನ್ ಬಿಡ್ಲಿಲ್ಲ ನೀನು” ಅಂದರು.

“ಗಾಡಿ ಬಿಡೋಣ. ಅಸಿಸ್ಟೆಂಟ್ ಎಲ್ಲಿ?” ಎಂದು ಅವರು ನನ್ನ ಕಡೆ ತಿರುಗಿದರು. “ಬಾರಮ್ಮ, ಪಕ್ಕದಾಗೆ ಕೂತ್ಕೊ. ಸಿಗ್ನಲ್ ಕಂಡ ಕೂಡ್ಲೆ ಅದರ ಬಣ್ಣ ಕೂಗಬೇಕು. ನೀನು ಕೂಗಿದ್ದನ್ನ ನಾನು ತಿರುಗಿ ಕೂಗ್ತೀನಿ. ಇಬ್ರ ಬಾಯಾಗೂ ಬಂದ್ರೇನೇ ಲೆಕ್ಕ. ನೀನು ಸುಮ್ಕಿದ್ರೆ ಗಾಡಿ ನಿಲ್ಲಿಸ್ತೀನಿ.”

ನಾನು ಕೂತೆ. ಮೊದಲ ಸಿಗ್ನಲ್ ಬಂತು. “ಗ್ರೀನ್” ಅಂದೆ. ನನಗೇ ಕೇಳಿಸಲಿಲ್ಲ. ಅವರು ನಿಜವಾಗಿಯೂ ಬ್ರೇಕು ಎಳೆದು ರೈಲನ್ನು ನಿಲ್ಲಿಸಿಬಿಟ್ಟರು. ಹಿಂದಿನಿಂದ ಒಬ್ಬರು, “ಲೇಟ್ ಆಯ್ತದೆ, ಪ್ಯಾಸೆಂಜರ್ ಬೈತಾರೆ!” ಎಂದು ಕೂಗಿದರು. ಎಲ್ಲರೂ ನಕ್ಕರು. ನನಗೂ ನಗು ಬಂತು. ಮತ್ತೆ ಹೊರಟಾಗ ನನಗೆ ಹಳಿ ಬಿಟ್ಟು ಬೇರೇನೂ ಕಾಣಲಿಲ್ಲ. “ಗ್ರೀನ್!” ಎಂದು ಕೂಗಿದೆ. “ಗ್ರೀನ್!” ಎಂದು ಅವರು ಕೂಗಿದರು. “ಯೆಲ್ಲೋ!” ಅಂದೆ. “ಯೆಲ್ಲೋ!” ಅಂದರು. ಅಡಿಗೆ ಮನೆಯಲ್ಲಿ ಅವರ ಹೆಂಡತಿಯ ಜೊತೆ ಕಾಫಿ ಕುಡಿಯುತ್ತಿದ್ದ ಅಮ್ಮ ಏನೋ ಆಯಿತೆಂದು ಓಡಿ ಬಂದಳು. ಕೆಂಪು ಕಂಡಾಗ ನಾನು ಎಷ್ಟು ಜೋರಾಗಿ ಕೂಗಿದೆನೋ ಗೊತ್ತಿಲ್ಲ. ಅವರ ಎಡಗೈ ಎಳೆಯಿತು. ರೈಲು ಸಿಗ್ನಲ್ಲಿಗೆ ನಾಲ್ಕು ಮಾರು ಇರುವಾಗಲೇ ನಿಂತಿತು.

ಆ ನಾಲ್ವರಲ್ಲಿ ಇಬ್ಬರು ತಮಗೂ ಒಂದೊಂದು ಮೇಜು ಬೇಕೆಂದರು. ಒಬ್ಬರು ಫೋನ್ ತೆಗೆದು, “ಯಾರ ಎಸರು ಬರ್ಕೊಳ್ಳಲಮ್ಮ?” ಎಂದು ಕೇಳಿದರು. ಅಮ್ಮ ನನ್ನ ಮುಖ ನೋಡಿದಳು. ಈ ಸಲ ಅವಳು ಬಾಯಿ ತೆರೆಯಲಿಲ್ಲ. ನಾನು ನನ್ನ ಹೆಸರು, ನನ್ನ ನಂಬರ್ ಕೊಟ್ಟೆ.

ಆದ್ದರಿಂದ ಅಣ್ಣ, ನಾನು ಗಾರ್ಮೆಂಟ್ಸ್‌ಗೆ ಹೋಗುವುದಿಲ್ಲ. ಸೂಪರ್‌ವೈಸರಿಗೆ ನೀನೇ ಹೇಳಿಬಿಡು, ಬೇಕಾದರೆ ನಾನೇ ಫೋನ್ ಮಾಡಿ ಹೇಳುತ್ತೇನೆ. ನಮ್ಮ ಚಾನೆಲ್ಲಿನಲ್ಲಿ ನಿನ್ನ ನಂಬರಿನ ಜಾಗದಲ್ಲಿ ನನ್ನದನ್ನು ಹಾಕು, ಪಾಸ್‌ವರ್ಡನ್ನೂ ಕಳಿಸು. ನಿನಗೆ ಶಿಫ್ಟ್ ಕೆಲಸ, ಪುರುಸೊತ್ತಿಲ್ಲ ಎಂದು ನೀನೇ ಹೇಳಿದ್ದೀಯ. ನನಗೆ ಮೊದಲ ಬೋರ್ಡು ತಂದುಕೊಟ್ಟವನು ನೀನು, ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಬಿಡುವಾದಾಗ ಬಾ, ಹೊಸ ಬ್ರೇಕು ಎಳೆದು ನೋಡು.

ಅಮ್ಮ ನಿಮ್ಮ ಮೂವರಿಗೂ ಒಳ್ಳೆಯದಾಗಲಿ ಎಂದು ಹೇಳಿ ಬರೆಸಿದ್ದಾಳೆ. ಅತ್ತಿಗೆಗೆ ನಮಸ್ಕಾರ ತಿಳಿಸು. ಧನುವಿನ ಎರಡು ಕೆನ್ನೆಗೂ ನನ್ನದೊಂದೊಂದು ಮುತ್ತು. ಚಳಿ ಶುರುವಾಗಿದೆ, ಬೆಳಗಿನ ಶಿಫ್ಟಿಗೆ ಹೋಗುವಾಗ ಕಿವಿಗೆ ಮಫ್ಲರ್ ಕಟ್ಟಿಕೋ.

ಇಂತಿ ನಿನ್ನ ತಂಗಿ,
ಶಶಿರೇಖ

ಮರೆತ ಮಾತು: ಇದನ್ನು ಬರೆಯಬಾರದೆಂದು ಅಂಟು ಹಚ್ಚಿದ್ದ ಕವರನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನಮ್ಮ ಮೊದಲ ವಿಡಿಯೋದಲ್ಲಿ ಹಿಡಿ ಎಳೆದು ತೋರಿಸುವ ಕೈ ನನ್ನದು. ಅದನ್ನು ಲಕ್ಷ ಜನ ನೋಡಿದ್ದಾರೆ. ಕೆಳಗೆ ಎಲ್ಲರೂ “ಬ್ರದರ್, ಸೂಪರ್ ಕೆಲಸ” ಎಂದು ಬರೆದಿದ್ದಾರೆ. ಅವತ್ತು ನೀನು ನನಗೆ ನಿನ್ನ ತುಂಬುತೋಳಿನ ಅಂಗಿ ಹಾಕಿಸಿದೆ. “ಬಳೆ ತೆಗಿಯಮ್ಮ, ಮೈಕ್‌ಗೆ ಸದ್ದು ಬೀಳ್ತದೆ” ಅಂದೆ. ನಾನು ತೆಗೆದೆ. ಒಂದು ಒಡೆಯಿತು. ಅಣ್ಣ, ಅವತ್ತು ಮೈಕೇ ಇರಲಿಲ್ಲ. ನಿನ್ನ ಮಾತನ್ನೂ ರೈಲಿನ ಸದ್ದನ್ನೂ ನೀನು ಮಾರನೇ ದಿನ ಸೇರಿಸಿದ್ದು. ಬಳೆ ಯಾಕೆ ತೆಗೆಸಿದೆ ಎಂದು ನನಗೆ ಅವತ್ತೇ ಗೊತ್ತಿತ್ತು.