ದೋಣಿಗೊಂದು ಒಣ ಜಾಗ

ಹಿಕುರಂಗಿ
ಸೋಮವಾರ, ೧೮ ಆಗಸ್ಟ್ ೧೯೯೭

ಪ್ರೀತಿಯ ಏವರಿಲ್,

ನಿನ್ನ ಪತ್ರ ಗುರುವಾರ ತಲುಪಿತು. ಒಂಬತ್ತು ವರ್ಷಗಳ ಮೇಲೆ ನಿನ್ನ ಅಕ್ಷರ ನೋಡಿದೆ. ಮರ್ವಿನ್‌ನನ್ನು ನಾನು ಬಿಟ್ಟು ಬಂದ ಮೇಲೆ ನೀನು ನನಗೆ ಒಂದು ಕ್ರಿಸ್‌ಮಸ್ ಕಾರ್ಡನ್ನೂ ಹಾಕಿದವಳಲ್ಲ, ಹಾಗಾಗಿ ಲಕೋಟೆ ಒಡೆಯುವಾಗ ನನಗೆ ಖುಷಿಯೇ ಆಗಿತ್ತು. ಒಳಗಿದ್ದದ್ದು ಹತ್ತೇ ಸಾಲು. ನಿನ್ನ ತಮ್ಮ ಮರ್ವಿನ್ ಫೋನಿನಲ್ಲಿ ಅತ್ತನೆಂದೂ, ನಿಮ್ಮಪ್ಪ ಕೈಯಾರೆ ಕಟ್ಟಿದ ದೋಣಿಯನ್ನು ನಾನು ಕದ್ದು ತಂದು ಬೀಗ ಜಡಿದಿದ್ದೇನೆಂದೂ, ಹದಿನೈದು ದಿನದೊಳಗೆ ಅದು ಟೊಹೋರಾದ ಅವನ ಅಂಗಳಕ್ಕೆ ಮರಳದಿದ್ದರೆ ವಕೀಲರ ನೋಟೀಸು ಬರುತ್ತದೆಂದೂ ಬರೆದಿದ್ದೀಯ.

ಕೋಪದಲ್ಲಿ ಬರೆದ ಎರಡು ಉತ್ತರಗಳನ್ನು ಒಲೆಗೆ ಹಾಕಿದೆ. ಇದು ಮೂರನೆಯದು. ಇದರ ಜೊತೆ ಒಂದು ಚೀಟಿ ಇಟ್ಟಿದ್ದೇನೆ. ಅದು ಯಾರ ಅಕ್ಷರ ಎಂದು ನಿನಗೆ ಹೇಳಬೇಕಾಗಿಲ್ಲ. ಓದಿ ನನಗೆ ಹಿಂದಕ್ಕೆ ಕಳಿಸು.

ಮೊದಲು, ಅವನು ನಿನಗೆ ಹೇಳದೆ ಉಳಿಸಿಕೊಂಡ ಸಂಗತಿ. ಹೇಳಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದ. ಇವತ್ತು ಆ ಮಾತು ಮುರಿಯುತ್ತಿದ್ದೇನೆ. ಮರ್ವಿನ್‌ನ ನೆನಪು ಹೋಗುತ್ತಿದೆ ಏವರಿಲ್. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವ ಮರೆವಲ್ಲ. ಫಾಂಗರೇಯಲ್ಲಿ ಜನವರಿಯಲ್ಲೇ ಡಾಕ್ಟರು ಅದಕ್ಕೊಂದು ಹೆಸರು ಹೇಳಿದರು. ಹೋದದ್ದು ವಾಪಸ್ ಬರುವುದಿಲ್ಲ, ಇರುವುದೂ ಉಳಿಯುವುದಿಲ್ಲ ಎಂದರು.

ಶುರುವಾದದ್ದು ಅದಕ್ಕೂ ಮುಂಚೆ, ನವೆಂಬರಿನಲ್ಲಿ. ಎಂದಿನಂತೆ ಬೆಳಿಗ್ಗೆ ಒಬ್ಬನೇ ಸ್ನ್ಯಾಪರ್ ಮೀನು ಹಿಡಿಯಲು ಹೋದವನು ಮಧ್ಯಾಹ್ನ ಎರಡಾದರೂ ಬರಲಿಲ್ಲ. ಪಕ್ಕದ ಮನೆಯ ಹೊಹೇಪಾ ತನ್ನ ದೋಣಿ ಇಳಿಸಿಕೊಂಡು ಹುಡುಕಲು ಹೋದ. ಹೊಹೇಪಾನನ್ನು ನೀನು ನೋಡಿದ್ದೀಯ, ನಮ್ಮ ಮದುವೆಯ ದಿನ ಗಿಟಾರ್ ಬಾರಿಸಿದವನು. ಕೊಲ್ಲಿಯ ಬಾಯಿಯ ಹೊರಗೆ, ದಡದ ಮನೆಗಳ ಕಿಟಕಿ ಎಣಿಸುವಷ್ಟು ಹತ್ತಿರದಲ್ಲಿ, ಮರ್ವಿನ್ ಎಂಜಿನ್ ಆರಿಸಿ ಕೂತಿದ್ದನಂತೆ. ದೋಣಿ ಬಂಡೆಗಳ ಕಡೆಗೆ ತೇಲುತ್ತಿತ್ತು. ಎಂಜಿನ್ ಕೆಟ್ಟಿತಾ ಎಂದರೆ ಹೂಂ ಎಂದ. ಹೊಹೇಪಾ ಕೀಲಿ ತಿರುಗಿಸಿದರೆ ಅದು ಮೊದಲ ಸಲಕ್ಕೇ ಶುರುವಾಯಿತು. ಆಗ ಮರ್ವಿನ್ ಮೆಲ್ಲಗೆ, ನಮ್ಮನೆ ಇವುಗಳಲ್ಲಿ ಯಾವುದು ಎಂದು ಕೇಳಿದನಂತೆ.

ಕ್ರಿಸ್‌ಮಸ್ಸಿನ ಮರುದಿನ ಇನ್ನೊಂದು. ನೀರು ಬಸಿದುಹೋಗಲೆಂದು ತಳದಲ್ಲಿರುವ ತೂತಿಗೆ ಬಿರಟೆ ಹಾಕದೆ ದೋಣಿಯನ್ನು ನೀರಿಗೆ ಇಳಿಸಿದ. ಮರೆಯಬಾರದೆಂದು ನಿಮ್ಮಪ್ಪ ಆ ಬಿರಟೆಯನ್ನು ಕಾರಿನ ಕೀಲಿಗೊಂಚಲಿಗೇ ದಾರದಲ್ಲಿ ಕಟ್ಟಿ ಕೊಟ್ಟಿದ್ದರು. ದಾರ, ಬಿರಟೆ, ಕೀಲಿ ಮೂರೂ ಅವನ ಕೈಯಲ್ಲಿದ್ದವು. ದೋಣಿ ದಡದಲ್ಲೇ ಅರ್ಧ ಮುಳುಗಿತು. ರಜೆಗೆ ಬಂದಿದ್ದ ಆಕ್ಲೆಂಡಿನವರು ನಕ್ಕರು. ಹೊಹೇಪಾನ ಟ್ರ್ಯಾಕ್ಟರ್ ಬಂದು ಎಳೆಯಬೇಕಾಯಿತು.

ಇದೆಲ್ಲ ನನಗೆ ಗೊತ್ತಾದದ್ದು ಫೆಬ್ರುವರಿಯ ಒಂದು ಭಾನುವಾರ. ಬಾಗಿಲು ತಟ್ಟಿದ ಸದ್ದಾಗಿ ನೋಡಿದರೆ ಮರ್ವಿನ್ ನಿಂತಿದ್ದಾನೆ. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ. ಅವನ ಹಿಂದೆ ರಸ್ತೆಯಲ್ಲಿ ಕಾರು, ಕಾರಿನ ಹಿಂದೆ ಟ್ರೇಲರಿನ ಮೇಲೆ ದೋಣಿ. ಇಪ್ಪತ್ತೆರಡು ವರ್ಷ ನನ್ನ ಭಾನುವಾರಗಳನ್ನೆಲ್ಲ ತಿಂದದ್ದು ಆ ದೋಣಿ. ಅದರಲ್ಲಿ ಕೂತಾಗ ಅವನು ಸುಖವಾಗಿದ್ದ; ಮನೆಯಲ್ಲಿ ನೆಂಟನ ಹಾಗೆ ಇದ್ದ. ನಾನು ಬಿಟ್ಟು ಬರಲು ಬೇರೆ ಕಾರಣವೇನೂ ಇರಲಿಲ್ಲ. ನಿನಗೆ ಯಾರು ಏನು ಹೇಳಿದ್ದರೂ ಅಷ್ಟೇ ನಿಜ.

ಚಹಾ ಕೊಟ್ಟೆ. ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು, ಡಾಕ್ಟರು ಹೇಳಿದ್ದನ್ನು ಪಾಠ ಒಪ್ಪಿಸುವಂತೆ ಹೇಳಿದ. ಆಮೇಲೆ ದೋಣಿಯ ಮಾತಿಗೆ ಬಂದ. ಅದನ್ನು ಎಲ್ಲಿಡುವುದೆಂದು ಒಂದು ತಿಂಗಳು ಕೂತು ಯೋಚಿಸಿದ್ದನಂತೆ. ಅವನ ಮನೆಯಂಗಳದಲ್ಲಿ ಇಟ್ಟರೆ ಅಡುಗೆಮನೆ ಕಿಟಕಿಯಿಂದ ಕಾಣುತ್ತದೆ. ಕಂಡರೆ ಕೈ ತಾನಾಗಿಯೇ ಕಾರಿಗೆ ಕೊಂಡಿ ಹಾಕುತ್ತದೆ, ತಲೆಗೆ ಗೊತ್ತಾಗುವ ಮೊದಲೇ ನೀರಿನಲ್ಲಿರುತ್ತಾನೆ. ಹೊಹೇಪಾನ ಶೆಡ್ಡಿನಲ್ಲಿ ಟ್ರ್ಯಾಕ್ಟರೂ ಬಲೆಗಳೂ ತುಂಬಿವೆ, ಮೇಲಾಗಿ ಹೊಹೇಪಾನಿಗೆ ಇಲ್ಲ ಎನ್ನಲು ಬರುವುದಿಲ್ಲ. ಫಾಂಗರೇಯಲ್ಲಿ ದೋಣಿಗಳನ್ನು ನಿಲ್ಲಿಸಿಕೊಳ್ಳುವ ಬಯಲಿದೆ, ಆದರೆ ಮೇಲೆ ಸೂರಿಲ್ಲ. ಪ್ಲೈವುಡ್ಡಿಗೆ ಉಪ್ಪುನೀರಿಗಿಂತ ಮಳೆನೀರೇ ಶತ್ರು. ಒಂದು ಚಳಿಗಾಲ ಬಯಲಲ್ಲಿ ನಿಂತರೆ ತಳ ಕೊಳೆಯುತ್ತದೆ. ಮಾರುವ ಮಾತನ್ನು ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

"ನಿನ್ನ ಹುಲ್ಲಿನ ಶೆಡ್ಡು ಖಾಲಿ ಇದೆ ಅಲ್ವಾ," ಎಂದ.

ಇದೆ, ಆದರೆ ನನ್ನ ಹತ್ತಿರವೇ ಯಾಕೆ ಎಂದು ಕೇಳಿದೆ.

"ನಾನು ಬಂದು ಕೇಳ್ತೀನಿ ನೋಲೀನ್. ಅಳ್ತೀನಿ, ಬೈತೀನಿ, ಏನೇನು ಮಾಡ್ತೀನೋ ಗೊತ್ತಿಲ್ಲ. ಎಲ್ರೂ ಪಾಪ ಅಂತ ಕೊಟ್ಬಿಡ್ತಾರೆ. ನನಗೆ ಇಲ್ಲ ಅನ್ನೋಕೆ ಬರೋದು ನಿನಗೊಬ್ಬಳಿಗೇ."

ಅದನ್ನು ಚುಚ್ಚಲು ಹೇಳಿದ್ದಲ್ಲ. ನನ್ನಲ್ಲಿ ಅವನಿಗೆ ಕಂಡ ಒಂದು ಒಳ್ಳೆಯ ಗುಣ ಎಂಬಂತೆ ಹೇಳಿದ. ಆಮೇಲೆ ಜೇಬಿನಿಂದ ನಾಲ್ಕಾಗಿ ಮಡಿಸಿದ ಚೀಟಿ ತೆಗೆದು ಮೇಜಿನ ಮೇಲಿಟ್ಟ. ಈಗ ನಿನ್ನ ಕೈಯಲ್ಲಿರುವುದು ಅದೇ. 'ಮರ್ವಿನ್, ದೋಣಿಯನ್ನು ಇಲ್ಲಿ ತಂದಿಟ್ಟವನು ನೀನೇ. ನಿನಗೆ ಕಾಯಿಲೆ ಇದೆ. ನೋಲೀನ್ ಮೇಲೆ ರೇಗಬೇಡ. ಮನೆಗೆ ಹೋಗು. ಇಂತಿ ಮರ್ವಿನ್.' ಮುಂದೆ ನಾನು ನಂಬದಿದ್ದರೆ ನನಗೆ ಇದನ್ನು ತೋರಿಸು ಎಂದ.

ಆ ಮಧ್ಯಾಹ್ನವೆಲ್ಲ ಇಬ್ಬರೂ ಸೇರಿ ದೋಣಿಯನ್ನು ಒಳಗೆ ತಂದೆವು. ಹಳೆಯ ಹುಲ್ಲನ್ನು ಕವಲುಗೋಲಿನಿಂದ ಎಳೆದು ಹಾಕಿದೆವು. ಶೆಡ್ಡಿನ ಉದ್ದ ಒಂದಡಿ ಸಾಲದೆ ಎಂಜಿನ್ನನ್ನು ಬಿಚ್ಚಿ ಗೋಡೆಗೆ ಆನಿಸಬೇಕಾಯಿತು. ಟ್ರೇಲರಿನ ಮೂತಿಯನ್ನು ಮರದ ದಿಮ್ಮಿಯ ಮೇಲೆ ಎತ್ತಿಟ್ಟ, ಒಳಗೇನಾದರೂ ನೀರಿದ್ದರೆ ಹಿಂದಕ್ಕೆ ಹರಿದುಹೋಗಲೆಂದು. ಚಕ್ರಗಳು ನೆಲ ಬಿಡುವಂತೆ ಅಡಿಗೆ ಕಲ್ಲು ಕೊಟ್ಟ. ಮಾಡಿನ ಒಂದು ತಗಡಿನಲ್ಲಿ ಮೊಳೆಯಷ್ಟು ತೂತಿತ್ತು. ಅದಕ್ಕೂ ಡಾಂಬರು ಹಚ್ಚಿದ. ಆ ದಿನ ಒಂದು ಹೆಸರಾಗಲಿ, ಒಂದು ಹತಾರವಾಗಲಿ ಅವನು ಮರೆಯಲಿಲ್ಲ. ಡಾಕ್ಟರು ತಪ್ಪಿರಬಹುದೇನೋ ಎಂದು ನನಗೆ ಅನ್ನಿಸಿತು. ಹೊರಡುವಾಗ ದೋಣಿಯ ಬೆನ್ನನ್ನು ಅಂಗೈಯಲ್ಲಿ ಎರಡು ಸಲ ತಟ್ಟಿ, ತಿರುಗಿ ನೋಡದೆ ಹೋದ.

ಮೊದಮೊದಲು ಭಾನುವಾರ ಬಂದು ಒರೆಸಿ ಹೋಗುತ್ತಿದ್ದ. ಮಾರ್ಚ್ ಕೊನೆಗೆ ಅವನ ಲೈಸೆನ್ಸು ಹೋಯಿತು. ಆಮೇಲೆ ಹೊಹೇಪಾ ತನ್ನ ಗಾಡಿಯಲ್ಲಿ ಕರೆತರುತ್ತಿದ್ದ. ಏಪ್ರಿಲ್‌ನಲ್ಲಿ ಒಂದು ದಿನ ಗಾಡಿಯಿಂದ ಇಳಿದವನೇ ನನ್ನ ದೋಣಿ ಎಲ್ಲಿ ಎಂದು ಕೂಗಿದ. ಚೀಟಿ ಕೊಟ್ಟೆ. ಮೆಟ್ಟಿಲ ಮೇಲೆ ನಿಂತು ಓದಿದ. ಮತ್ತೆ ಮೊದಲಿನಿಂದ ಓದಿದ. ಆಮೇಲೆ ತಲೆಯೆತ್ತಿ, "ಏನು ಕಾಯಿಲೆ ನನಗೆ?" ಎಂದು ಕೇಳಿದ.

ಹೇಳಬೇಕಾಯಿತು. ಅವನ ಪಾಲಿಗೆ ಅದು ಮೊದಲ ಸಲ ಕೇಳಿದ ಸುದ್ದಿ. ಅವನ ಮುಖ ಆದ ಬಗೆಯನ್ನು ನಿನಗೆ ಬರೆಯಲಾರೆ, ನೀನು ಅವನ ಅಕ್ಕ. ಎರಡು ದಿನ ಊಟ ಮುಟ್ಟಲಿಲ್ಲವೆಂದು ಹೊಹೇಪಾ ಫೋನು ಮಾಡಿದ. ಮೂರನೆಯ ದಿನ ಅದೂ ಮರೆತುಹೋಗಿ ಎಂದಿನಂತಾದನಂತೆ. ಮುಂದಿನ ಭಾನುವಾರ ಅದೇ ಕೂಗು, ಅದೇ ಚೀಟಿ, ಅದೇ ಪ್ರಶ್ನೆ, ಅದೇ ಮುಖ.

ಅದರಾಚೆಯ ವಾರ ನಾನು ಚೀಟಿಯನ್ನು ತೆಗೆಯಲಿಲ್ಲ. ಹೌದು, ನಾನೇ ತಂದಿಟ್ಟುಕೊಂಡಿದ್ದೇನೆ, ಕೊಡುವುದಿಲ್ಲ ಎಂದೆ. ಕಳ್ಳಿ ಎಂದ. ಇಪ್ಪತ್ತೆರಡು ವರ್ಷದಲ್ಲಿ ಅನ್ನದ ಮಾತುಗಳನ್ನೆಲ್ಲ ಅಂದ. ಬೈದು ಬೈದು ಸುಸ್ತಾಗಿ ಗಾಡಿ ಹತ್ತಿ ಕೂತ. ಹೊಹೇಪಾನಿಗೆ ಸಹಿಸಲಾಗಲಿಲ್ಲ. ಆ ಚೀಟಿ ತೋರಿಸಬಾರದಾ, ಯಾಕೆ ಸುಮ್ಮನೆ ಬೈಸಿಕೊಳ್ಳುತ್ತೀಯ ಎಂದು ನನ್ನ ಮೇಲೆಯೇ ರೇಗಿದ.

"ನನ್ನನ್ನ ಬೈದ ದಿನ ಮನೆಗೆ ಹೋಗಿ ಊಟ ಮಾಡ್ತಾನಾ ಇಲ್ವಾ, ಅದನ್ನ ನೋಡಿ ಹೇಳು," ಎಂದೆ.

ರಾತ್ರಿ ಫೋನು ಬಂತು. ಕುರಿಮಾಂಸ, ಆಲೂಗಡ್ಡೆ, ಎರಡು ಸಲ ಹಾಕಿಸಿಕೊಂಡು ತಿಂದನಂತೆ. ಅಂದಿನಿಂದ ನಾನು ಕಳ್ಳಿಯಾಗಿಯೇ ಇದ್ದೇನೆ. ನಿನಗೆ ಫೋನು ಮಾಡಿ ಅತ್ತದ್ದು ಅಂಥ ಒಂದು ಭಾನುವಾರ ಇರಬೇಕು.

ಇನ್ನು ಜುಲೈಯದು. ಅದೊಂದು ಬುಧವಾರ. ನಾನು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಶೆಡ್ಡಿನ ಬೀಗ ಮುರಿದು ಕೆಳಗೆ ಬಿದ್ದಿತ್ತು. ಟೊಹೋರಾದಿಂದ ನಲವತ್ತು ಕಿಲೋಮೀಟರ್, ಯಾರ ಗಾಡಿಗೆ ಕೈ ತೋರಿಸಿ ಬಂದನೋ ಇವತ್ತಿಗೂ ಗೊತ್ತಿಲ್ಲ. ಒಳಗೆ ಕತ್ತಲೆಯಲ್ಲಿ, ಎಂಜಿನ್ ಇಲ್ಲದ ದೋಣಿಯಲ್ಲಿ, ಚುಕ್ಕಾಣಿ ಹಿಡಿದು ಕೂತಿದ್ದ. ಕಾಲಿಗೆ ಚಪ್ಪಲಿ ಇರಲಿಲ್ಲ. ಇಳಿ ಎನ್ನಲು ಬಾಯಿ ತೆರೆದೆ. ಅವನು ಮೆಲ್ಲಗೆ ಕೈಯೆತ್ತಿ ತಡೆದ.

"ಸ್ವಲ್ಪ ತಾಳು ಏವರಿಲ್. ನೀರು ಇನ್ನೂ ಏರಬೇಕು."

ನಾನು ಏವರಿಲ್ ಅಲ್ಲ ಎನ್ನಲಿಲ್ಲ. ಟ್ರೇಲರಿನ ಚಕ್ರದ ಮೇಲೆ ಕಾಲಿಟ್ಟು ಹತ್ತಿ ಅವನ ಪಕ್ಕ ಕೂತೆ. ಇಪ್ಪತ್ತೆರಡು ವರ್ಷ ಕರೆದರೂ ನಾನು ಆ ದೋಣಿ ಹತ್ತಿದ್ದು ಮೂರೋ ನಾಲ್ಕೋ ಸಲ, ಹತ್ತಿದಾಗೆಲ್ಲ ವಾಂತಿ. ಅಪ್ಪ ಎಲ್ಲಿ ಎಂದು ಕೇಳಿದ. ಬರುತ್ತಾರೆ ಎಂದೆ. ನೋಲೀನ್‌ಗೆ ಹೇಳಿ ಬಂದೆಯಾ ಎಂದು ನಾನೇ ಕೇಳಿದೆ. ಯಾಕೆ ಕೇಳಿದೆನೋ.

"ಕರೆದೆ. ಬರಲ್ಲ ಅಂದ್ಲು. ಅವಳಿಗೆ ಸಮುದ್ರ ಆಗಿಬರಲ್ಲ, ಪಾಪ." ಚುಕ್ಕಾಣಿಯನ್ನು ಅಂಗೈಯಲ್ಲಿ ಸವರುತ್ತಾ, "ನಾನೂ ಒಂದಿನ ಉಳಿದಿದ್ರೆ ಆಗ್ತಿತ್ತು," ಎಂದ.

ಹೊಹೇಪಾ ಹುಡುಕಿಕೊಂಡು ಬರುವ ತನಕ ಎರಡು ಗಂಟೆ ಹಾಗೆಯೇ ಕೂತಿದ್ದೆವು. ಅವನ ಕೈ ತಣ್ಣಗಿತ್ತು. ನನ್ನ ಕೋಟು ಹೊದಿಸಿದೆ. ನೀರು ಏರಿತಾ ಎಂದು ಆಗಾಗ ಕೇಳುತ್ತಿದ್ದ, ಇನ್ನೂ ಇಲ್ಲ ಎನ್ನುತ್ತಿದ್ದೆ. ಆ ಎರಡು ಗಂಟೆ ನಿನಗೆ ಸೇರಬೇಕಾದದ್ದು. ನಿನ್ನ ಹೆಸರಿನಲ್ಲಿ ನಾನು ಪಡೆದೆ.

ಆ ದಿನದ ಮೇಲೆ ಅವನನ್ನು ಒಂಟಿಯಾಗಿ ಬಿಡುವಂತಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ನಾವು ಬೇರೆಯಾದರೂ ವಿಚ್ಛೇದನದ ಕಾಗದ ಮಾಡಿಸಿಕೊಂಡವರಲ್ಲ, ಆದ್ದರಿಂದ ಸಹಿ ಹಾಕುವ ಕೆಲಸ ನನಗೇ ಬಂತು. ಸೆಪ್ಟೆಂಬರ್ ಒಂದರಿಂದ ಫಾಂಗರೇಯ ಆರೈಕೆ ಮನೆಯಲ್ಲಿರುತ್ತಾನೆ. ಕೋಣೆಗೆ ಬೆಳಕಿದೆ, ಸಮುದ್ರ ಕಾಣುವುದಿಲ್ಲ. ಕಾಣದ ಕೋಣೆಯೇ ಬೇಕೆಂದು ಕೇಳಿ ಪಡೆದೆ. ನಿನ್ನೆ ಭಾನುವಾರ ಬಂದಿದ್ದ. ಕೂಗಲಿಲ್ಲ. ಶೆಡ್ಡಿನ ಬಾಗಿಲಲ್ಲಿ ನಿಂತು, ಒಳ್ಳೆ ದೋಣಿ, ಯಾರದು ಎಂದು ಕೇಳಿದ. ನಿಮ್ಮಪ್ಪ ಕಟ್ಟಿದ್ದು ಎಂದೆ. ಸೌಜನ್ಯಕ್ಕೆ ತಲೆಯಾಡಿಸಿದ, ಬೇರೆಯವರ ವಸ್ತುವನ್ನು ಹೊಗಳುವ ಹಾಗೆ.

ಒಂದನೇ ತಾರೀಕಿಗೆ ಮುಂಚೆ ಬಾ ಏವರಿಲ್. ವಕೀಲರು ಬೇಡ, ನೀನೇ ಬಾ. ನಿನ್ನ ಗುರುತು ಅವನಿಗೆ ಇನ್ನೂ ಸಿಗಬಹುದು. ನನ್ನದಕ್ಕಿಂತ ನಿನ್ನದು ಹಳೆಯದು. ದೋಣಿಯನ್ನು ತಿಮಾರುವಿನ ನಿನ್ನ ಮನೆಗೆ ಒಯ್ಯುವುದಾದರೆ ಒಯ್ಯು. ಸೂರಿನ ಕೆಳಗೆ ಇಡು, ಮೂತಿ ಎತ್ತರಕ್ಕಿರಲಿ, ತಳದಲ್ಲಿ ನೀರು ನಿಲ್ಲಗೊಡಬೇಡ. ಒಯ್ಯಲು ಮನಸ್ಸಿಲ್ಲದಿದ್ದರೆ ಇಲ್ಲೇ ಇರಲಿ. ಅದಕ್ಕೆ ಇದಕ್ಕಿಂತ ಒಣ ಜಾಗ ಸಿಗಲಿಲ್ಲ, ಬೇರೆ ಜಾಗವೇ ಸಿಗಲಿಲ್ಲ.

ಹಾಸಿಗೆ ಹಾಸಿಟ್ಟಿರುತ್ತೇನೆ. ಬಸ್ಸಿಳಿಯುವ ಹೊತ್ತು ತಿಳಿಸಿದರೆ ನಿಲ್ದಾಣಕ್ಕೆ ಬರುತ್ತೇನೆ.

ನಿನ್ನ
ನೋಲೀನ್

ತಾ.ಕ. ಪತ್ರವನ್ನು ಮಡಿಸಿ ಲಕೋಟೆಗೆ ಹಾಕಿ ಮತ್ತೆ ಹೊರಗೆ ತೆಗೆದೆ. ಬೇರೆ ಜಾಗ ಸಿಗಲಿಲ್ಲ ಎಂದು ಬರೆದದ್ದು ಸುಳ್ಳು. ಮಾರ್ಚ್ ಮೊದಲ ವಾರ ಟೊಹೋರಾದ ಮೀನುಗಾರರ ಕ್ಲಬ್ಬಿನ ಕಾರ್ಯದರ್ಶಿ ನನ್ನ ಮನೆಗೆ ಬಂದಿದ್ದರು. ಕ್ಲಬ್ಬಿನ ಶೆಡ್ಡಿನಲ್ಲಿ ಜಾಗ ಕೊಡುತ್ತೇವೆ, ಕಾಂಕ್ರೀಟು ನೆಲ, ಕೀಲಿ ನಮ್ಮಲ್ಲೇ ಇರುತ್ತದೆ, ಹವಾ ಚೆನ್ನಾಗಿರುವ ಶನಿವಾರ ಇಬ್ಬರು ಜೊತೆಗಿದ್ದು ಮರ್ವಿನ್‌ನನ್ನು ಅವನ ದೋಣಿಯಲ್ಲೇ ಸಮುದ್ರಕ್ಕೆ ಕರೆದೊಯ್ಯುತ್ತೇವೆ ಎಂದರು. ಅವನಿಗೆ ಇಷ್ಟವಿಲ್ಲ ಎಂದು ಹೇಳಿ ಕಳಿಸಿದೆ. ಅವನನ್ನು ನಾನು ಕೇಳಲೇ ಇಲ್ಲ. ಮೇ ಕೊನೆಯ ತನಕ ಸಮುದ್ರ ಶಾಂತವಾಗಿತ್ತು. ಹತ್ತು ಹನ್ನೆರಡು ಶನಿವಾರಗಳಾದರೂ ಸಿಗುತ್ತಿದ್ದವು ಅವನಿಗೆ. ದೋಣಿ ಇಲ್ಲಿದ್ದರೆ ಭಾನುವಾರ ನನ್ನ ಮನೆಗೆ ಬರುತ್ತಿದ್ದ, ಬೈಯಲಾದರೂ. ನನಗೆ ಅಷ್ಟು ಸಾಕಿತ್ತು. ಹೊಹೇಪಾನಿಗೂ ಇದು ಗೊತ್ತಿಲ್ಲ.